ಕಾಂಪ್ಯಾಕ್ಟ್ ಸೆಡಾನ್‌ನಲ್ಲಿ ಮರುಕಳಿಸುವ ದೋಷಗಳು: ತುಮಕೂರು ಜಿಲ್ಲೆಯ ಮಾಲೀಕರಿಂದ ಕಂಪನಿಗೆ ದೂರು

ಇವರಿಂದ:
ನಿಮ್ಮ 1.2 ಲೀಟರ್ ಪೆಟ್ರೋಲ್ ಕಾಂಪ್ಯಾಕ್ಟ್ ಸೆಡಾನ್ ಬಳಸುತ್ತಿರುವ ತುಮಕೂರು, ತಿಪಟೂರು, ಮಧುಗಿರಿ ಭಾಗದ ಮಾಲೀಕರು

ಇವರಿಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ, ಕೇಂದ್ರ ಕಚೇರಿ
ಪ್ರತಿ: ಪ್ರಾದೇಶಿಕ ಸರ್ವಿಸ್ ವ್ಯವಸ್ಥಾಪಕರು, ಬೆಂಗಳೂರು

ವಿಷಯ: ಸಸ್ಪೆನ್ಷನ್, ಕೂಲಿಂಗ್, ಎಎಂಟಿ (ತಾನೇ ಗೇರ್ ಬದಲಿಸುವ) ಗೇರ್‌ಬಾಕ್ಸ್ ಮತ್ತು ಎ.ಸಿ.ಯಲ್ಲಿ ಪದೇಪದೇ ಬರುತ್ತಿರುವ ದೋಷಗಳು. ಮೂಲ ಕಾರಣ ಹುಡುಕದೆ ಮಾಡುತ್ತಿರುವ ರಿಪೇರಿ

ಮಾನ್ಯರೇ,

ಕೆಎ-06, ಕೆಎ-44 ಮತ್ತು ಕೆಎ-64 ನೋಂದಣಿಯ ನಮ್ಮ ಕಾರುಗಳೆಲ್ಲ ಒಂದೇ ಮಾದರಿಯವು. ಕೆಲವು ಮ್ಯಾನ್ಯುಯಲ್, ಕೆಲವು ಎಎಂಟಿ, ಇನ್ನು ಕೆಲವು ಕಂಪನಿಯೇ ಸಿಎನ್‌ಜಿ ಕೂರಿಸಿ ಕೊಟ್ಟವು. ಮನೆ ಬಳಕೆಯ ಗಾಡಿಗಳೂ ಇವೆ, ದಿನಾ ಬೆಂಗಳೂರಿಗೆ ಹೋಗಿಬರುವ ಟ್ಯಾಕ್ಸಿಗಳೂ ಇವೆ. ಕಾರೇ ಕೆಟ್ಟದ್ದು ಎಂದು ಹೇಳಲು ನಾವು ಈ ಪತ್ರ ಬರೆಯುತ್ತಿಲ್ಲ. ಎಂಜಿನ್ ಗಟ್ಟಿ. ಟೈಮಿಂಗ್ ಚೈನ್ ಇರುವುದರಿಂದ ಬೆಲ್ಟ್ ಬದಲಿಸುವ ಖರ್ಚಿಲ್ಲ, ಆಯಿಲ್ ಕುಡಿಯುತ್ತದೆ ಎಂಬ ದೂರೂ ನಮ್ಮಲ್ಲಿಲ್ಲ. ಹೆದ್ದಾರಿಯಲ್ಲಿ 80ರ ಆಸುಪಾಸಿನಲ್ಲಿ ಓಡಿಸಿದರೆ ಮೈಲೇಜ್ ಬಗ್ಗೆ ಮಾತನಾಡುವಂತಿಲ್ಲ.

ನಮ್ಮ ತಕರಾರು ಎಂಜಿನ್ನಿನ ಸುತ್ತ ನೀವು ಕಾಸು ಉಳಿಸಿದ ಬಿಡಿಭಾಗಗಳ ಮೇಲೆ. ಅದಕ್ಕಿಂತ ಹೆಚ್ಚಿನದು, ಅವು ಕೆಟ್ಟಾಗ ಸರ್ವಿಸ್ ಸೆಂಟರ್ ಕೊಡುವ ಉತ್ತರದ ಮೇಲೆ. ಒಬ್ಬೊಬ್ಬರೇ ಹೋದಾಗ ‘ನಿಮ್ಮ ಕಡೆ ರೋಡ್ ಸರಿಯಿಲ್ಲ ಸಾರ್’, ‘ನೀವು ಓಡಿಸೋ ರೀತಿ ಹಾಗಿದೆ’ ಎಂದು ಕಳಿಸುತ್ತಾರೆ. ಎಲ್ಲರ ಜಾಬ್ ಕಾರ್ಡುಗಳನ್ನೂ (ಗಾಡಿಯ ದೂರು, ಮಾಡಿದ ಕೆಲಸ ಬರೆದುಕೊಡುವ ಚೀಟಿ) ಒಂದೇ ಮೇಜಿನ ಮೇಲೆ ಹರಡಿ ನೋಡಿದರೆ ಬೇರೆಯೇ ಕಥೆ. ಪಾವಗಡದ ರಸ್ತೆಯಲ್ಲಿ ಓಡುವ ಗಾಡಿಯಲ್ಲೂ, ಟೋಲ್ ಕಟ್ಟಿ ಹೆದ್ದಾರಿಯಲ್ಲಷ್ಟೇ ಓಡುವ ಗಾಡಿಯಲ್ಲೂ ಕೆಡುತ್ತಿರುವುದು ಅವೇ ನಾಲ್ಕೈದು ಭಾಗಗಳು.

ಮೊದಲು ಮುಂದಿನ ಸಸ್ಪೆನ್ಷನ್. ದೊಡ್ಡ ಹಂಪ್‌ಗಳ ಮೇಲೆ ಏನೂ ಕೇಳಿಸದು. 20–30ರ ವೇಗದಲ್ಲಿ ಕಿತ್ತುಹೋದ ಡಾಂಬರು, ಚಿಕ್ಕ ಗುಂಡಿಗಳ ಮೇಲೆ ಹೋದಾಗ ಮುಂದಿನಿಂದ ಕಟಕಟ ಎಂಬ ಸದ್ದು. ಇದು ಬಹುಪಾಲು ಸ್ಟೆಬಿಲೈಸರ್ ಬಾರ್‌ನ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳು) ಲಿಂಕ್ ರಾಡ್. ಅದರ ಬಾಲ್ ಜಾಯಿಂಟಿನ ರಬ್ಬರ್ ಟೋಪಿ ತೆಳುವಾಗಿದ್ದು ಬೇಗ ಬಿರಿಯುತ್ತದೆ. ಧೂಳೂ ನೀರೂ ಒಳಹೊಕ್ಕು ಗ್ರೀಸ್ ತೊಳೆದುಹೋಗಿ ಜಾಯಿಂಟ್ ಸಡಿಲವಾಗುತ್ತದೆ. ಎರಡನೆಯ ಸದ್ದು ಬೇರೆ: ಬ್ರೇಕ್ ಒತ್ತಿದಾಗ, ರಿವರ್ಸಿನಿಂದ ಮುಂದಕ್ಕೆ ಎತ್ತಿದಾಗ ಕೇಳುವ ಒಂದೇ ಒಂದು ‘ಡಬ್’. ಅದು ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್‌ನ ಹಿಂದಿನ ಬುಷ್ (ಕೀಲಿನ ರಬ್ಬರ್) ಸೀಳಿರುವುದರ ಗುರುತು. ಇವೆರಡನ್ನೂ ಬಿಡಿಸಿ ಹೇಳಲು ಯಾವ ಯಂತ್ರವೂ ಬೇಡ. ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಿ, ಒಬ್ಬರು ಸ್ಟಿಯರಿಂಗ್ ಹಿಡಿದು ಬ್ರೇಕ್ ಒತ್ತಿ ಬಿಡುತ್ತಿರಲು, ಇನ್ನೊಬ್ಬರು ಕೆಳಗಿನಿಂದ ಬುಷ್ ನೋಡಿದರೆ ಸಾಕು. ಜಾಬ್ ಕಾರ್ಡಿನಲ್ಲಿ ಮಾತ್ರ ‘ಶಬ್ದ ಪರಿಶೀಲಿಸಲಾಗಿದೆ, ಸಹಜ’ ಎಂದು ಬರೆದು ಕಳಿಸುತ್ತಾರೆ. ಟ್ರಯಲ್ ನೋಡುವುದು ಸರ್ವಿಸ್ ಸೆಂಟರಿನ ಮುಂದಿನ ನುಣ್ಣನೆಯ ಸರ್ವಿಸ್ ರಸ್ತೆಯಲ್ಲಿ. ಅಲ್ಲಿ ಆ ಸದ್ದು ಹೇಗೆ ಬಂದೀತು?

ಬುಷ್ ಬದಲಿಸಿದ ಮೇಲೂ ಅದು ಬೇಗನೆ ಮತ್ತೆ ಸೀಳುತ್ತಿರುವುದಕ್ಕೆ ರಸ್ತೆ ಕಾರಣವಲ್ಲ, ಕೂರಿಸುವ ಕ್ರಮ ಕಾರಣ. ಇದನ್ನು ನಿಮ್ಮ ತರಬೇತಿ ವಿಭಾಗ ಗಮನಿಸಬೇಕು. ಲಿಫ್ಟ್ ಮೇಲೆ ಗಾಡಿ ಎತ್ತಿದಾಗ ಚಕ್ರ ಕೆಳಗೆ ಜೋತಾಡುತ್ತದೆ, ಲೋಯರ್ ಆರ್ಮ್ ಕೆಳಮುಖವಾಗಿರುತ್ತದೆ. ಅದೇ ಸ್ಥಿತಿಯಲ್ಲಿ ಬುಷ್‌ನ ಬೋಲ್ಟ್ ಬಿಗಿ ಮಾಡಿ ಇಳಿಸಿದರೆ, ಗಾಡಿ ನೆಲಕ್ಕೆ ಕೂತ ಕ್ಷಣವೇ ರಬ್ಬರ್ ತಿರುಚಿಕೊಳ್ಳುತ್ತದೆ. ನಿಂತಲ್ಲೇ ತಿರುಚಿಕೊಂಡಿರುವ ರಬ್ಬರ್ ಓಡುವಾಗ ಎಷ್ಟು ದಿನ ತಾಳೀತು? ಬೋಲ್ಟನ್ನು ಕೈಬಿಗಿಗೆ ಬಿಟ್ಟು, ಗಾಡಿಯ ಪೂರ್ತಿ ಭಾರ ಚಕ್ರಗಳ ಮೇಲೆ ಬಿದ್ದ ನಂತರ ಟಾರ್ಕ್ ರೆಂಚಿನಲ್ಲಿ ಕೊನೆಯ ಬಿಗಿ ಕೊಡಬೇಕು. ಲಿಂಕ್ ರಾಡನ್ನು ಒಂದೇ ಬದಿಗೆ ಹಾಕಬಾರದು, ಜೋಡಿಯಾಗಿ ಬದಲಿಸಬೇಕು. ಲೋಯರ್ ಆರ್ಮ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಲೇಬೇಕು, ಇಲ್ಲದಿದ್ದರೆ ಮುಂದಿನ ಟೈರ್‌ಗಳ ಒಳ ಅಂಚು ಸವೆದುಹೋಗುತ್ತದೆ. ಆ ಟೈರ್‌ಗಳ ಬಿಲ್ಲೂ ನಮ್ಮದೇ. ಸರಿಯಾಗಿ ಬಿಗಿ ಮಾಡಲು ಬೇಕಾಗುವುದು ಹೆಚ್ಚೆಂದರೆ ಹತ್ತು ನಿಮಿಷ.

ಕೂಲಿಂಗ್ ವಿಷಯ ಇದಕ್ಕಿಂತ ಅಪಾಯದ್ದು. ಎಂಜಿನ್ ಬಿಸಿಯಾದಾಗ ಕೂಲಂಟನ್ನು (ತಣಿಸುವ ದ್ರವ) ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಕೂರುವ ಹೌಸಿಂಗ್ ಪ್ಲಾಸ್ಟಿಕ್‌ನದು. ಬಿಸಿ ತಣ್ಣಗೆ ಆಗುತ್ತಾ ಆಗುತ್ತಾ ಜೋಡಣೆಯ ಅಂಚಿನಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ನೆಲಕ್ಕೆ ಹನಿ ಬೀಳುವುದಿಲ್ಲ, ಏಕೆಂದರೆ ಬಿಸಿ ಎಂಜಿನ್ ಮೇಲೆ ಬಿದ್ದ ಕೂಲಂಟ್ ಅಲ್ಲೇ ಆವಿಯಾಗುತ್ತದೆ. ಒಣಗಿದ ಕೂಲಂಟ್ ಬಣ್ಣದ ಪುಡಿ ಜೋಡಣೆಯ ಬಳಿ ಅಂಟಿಕೊಂಡಿರುತ್ತದೆ, ಅಷ್ಟೇ. ನಿಮ್ಮ ಕಾರಿನಲ್ಲಿ ಟೆಂಪರೇಚರ್ ಮುಳ್ಳೂ ಇಲ್ಲ, ಒಂದು ಕೆಂಪು ದೀಪ ಮಾತ್ರ. ಆ ದೀಪ ಹೊತ್ತುವ ವೇಳೆಗೆ ಹೆಡ್ ಗ್ಯಾಸ್ಕೆಟ್ಟಿಗೆ ಕುತ್ತು ಬಂದಿರುತ್ತದೆ. ಕೂಲಂಟ್ ಕಡಿಮೆಯಾಗುತ್ತಿದೆ ಎಂದು ಹೇಳಿದ ಗಾಡಿಗಳಿಗೆ ಪ್ರೆಷರ್ ಟೆಸ್ಟ್ ಮಾಡಿದ ದಾಖಲೆ ಯಾವ ಜಾಬ್ ಕಾರ್ಡಿನಲ್ಲೂ ಇಲ್ಲ. ತಣ್ಣಗಿರುವ ಎಂಜಿನ್ನಿಗೆ ಟೆಸ್ಟರ್ ಹಾಕಿ, ರೇಡಿಯೇಟರ್ ಕ್ಯಾಪ್ ಮೇಲೆ ಬರೆದಿರುವಷ್ಟು ಒತ್ತಡ ಕೊಟ್ಟು, 15 ನಿಮಿಷ ಮುಳ್ಳು ಇಳಿಯುವುದೇ ಎಂದು ನೋಡಿದರೆ ಸೋರಿಕೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಕ್ಯಾಪನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಅದರ ಬದಲು ಮಾಡುತ್ತಿರುವುದು ನೀರು ತುಂಬುವ ಕೆಲಸ. ಅದೂ ನಲ್ಲಿಯ ನೀರು. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನ ಗಡಸುತನ ಗೊತ್ತಿಲ್ಲದವರು ಇಲ್ಲಿಯ ಯಾವ ಮನೆಯ ಗೀಸರ್ ಬಿಚ್ಚಿದರೂ ಕಾಣಬಹುದು. ಅದೇ ಬಿಳಿ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟುತ್ತದೆ. ಕೂಲಂಟ್ ತೆಳುವಾದರೆ ತುಕ್ಕು ತಡೆಯುವ ಗುಣವೂ ಹೋಗಿ ವಾಟರ್ ಪಂಪಿನ ಸೀಲ್ ಕೆಡುತ್ತದೆ. ನಿಮ್ಮ ಕೈಪಿಡಿಯಲ್ಲೇ ಹೇಳಿರುವ ಪ್ರೀಮಿಕ್ಸ್ ಕೂಲಂಟ್ ಅಥವಾ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬಾರದು ಎಂದು ನಿಮ್ಮ ಸರ್ವಿಸ್ ಸೆಂಟರಿಗೆ ನಾವು ಹೇಳಿಕೊಡಬೇಕೇ?

ಎಎಂಟಿ ಗಾಡಿಗಳಿಗೆ ಬರೋಣ. ನೆಲಮಂಗಲದ ಬಳಿ ವಾಹನಗಳು ಇಂಚಿಂಚು ಸರಿಯುವಾಗ, ದೇವರಾಯನದುರ್ಗದ ಏರಿನಲ್ಲಿ ಗಾಡಿ ಎತ್ತುವಾಗ ನಡುಗುತ್ತವೆ. ಕೆಲವೊಮ್ಮೆ ಓಡುತ್ತಿದ್ದಂತೆಯೇ ನ್ಯೂಟ್ರಲ್‌ಗೆ ಬಿದ್ದು ಗೇರ್ ಸೂಚಕ ಮಿನುಗುತ್ತದೆ. ಹೆದ್ದಾರಿಯಲ್ಲಿ ಹಿಂದೆ ಲಾರಿ ಇರುವಾಗ ಹೀಗಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆಯ ತಪ್ಪೂ ಒಂದಿದೆ, ಒಪ್ಪುತ್ತೇವೆ: ಏರಿನಲ್ಲಿ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಮೇಲೆಯೇ ಗಾಡಿ ತಡೆದು ನಿಲ್ಲಿಸುವುದು. ಹಾಗೆ ಮಾಡಿದರೆ ಅರ್ಧ ಹಿಡಿದ ಕ್ಲಚ್ ಜಾರುತ್ತಾ ಸುಡುತ್ತದೆ. ಎಎಂಟಿ ಎಂದರೆ ಒಳಗಿರುವುದು ಮಾಮೂಲಿ ಕ್ಲಚ್ಚೇ, ಅದನ್ನು ಒತ್ತುವುದು ಕಾಲಿನ ಬದಲು ಆಕ್ಚುಯೇಟರ್ ಎಂಬುದನ್ನು ಹೆಚ್ಚಿನವರಿಗೆ ಯಾರೂ ಹೇಳಿಲ್ಲ. ಡೆಲಿವರಿ ದಿನ ಕೇಕ್ ಕತ್ತರಿಸಿ ಫೋಟೋ ತೆಗೆಯುವ ಹೊತ್ತಿನಲ್ಲಿ ಎರಡು ನಿಮಿಷ ಇದಕ್ಕೆ ಕೊಡಬಹುದಿತ್ತು.

ಆದರೆ ದೋಷ ಹುಡುಕುವ ವಿಧಾನ ನಿಮ್ಮ ಕಡೆಯದು, ಅದು ತೀರಾ ಕೆಟ್ಟದಾಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಬಂದ ಕೂಡಲೇ ಇಡೀ ಆಕ್ಚುಯೇಟರ್ ಅಸೆಂಬ್ಲಿ ಬದಲಿಸಬೇಕೆಂದು ಎಸ್ಟಿಮೇಟ್ ಕೊಡುತ್ತಾರೆ. ಮೊದಲು ನೋಡಬೇಕಾದದ್ದು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.4 ವೋಲ್ಟ್‌ಗಿಂತ ಕಡಿಮೆ ಇದ್ದರೆ, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಮೇಲೆಯೇ ಅನುಮಾನಪಡಬೇಕು. ಆಮೇಲೆ ಗೇರ್‌ಬಾಕ್ಸ್‌ನಿಂದ ಬಾಡಿಗೆ ಬರುವ ಅರ್ತಿಂಗ್ ಪಟ್ಟಿ ತುಕ್ಕು ಹಿಡಿದಿದೆಯೇ, ಸಡಿಲವಿದೆಯೇ. ನಂತರ ಆಕ್ಚುಯೇಟರಿನ ಹೈಡ್ರಾಲಿಕ್ ಆಯಿಲ್ ಮಟ್ಟ, ಗೇರ್ ಪೊಸಿಷನ್ ಸೆನ್ಸರಿನ ಕನೆಕ್ಟರ್, ಇಲಿ ಕಡಿದ ವೈರ್ (ನಮ್ಮಲ್ಲಿ ಇದು ತಮಾಷೆಯಲ್ಲ). ಇಷ್ಟೂ ಸರಿಯಿದ್ದ ಮೇಲೆ ತಾನೇ ಅಸೆಂಬ್ಲಿಯ ಮಾತು? ಕ್ಲಚ್ ಬದಲಿಸುವಾಗ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಹೋಗಬೇಕು, ಫ್ಲೈವೀಲಿನ ಮೇಲೆ ಸುಟ್ಟ ನೀಲಿ ಕಲೆ ಇದೆಯೇ ನೋಡಬೇಕು, ಕೊನೆಗೆ ಸ್ಕ್ಯಾನರ್‌ನಲ್ಲಿ ಕ್ಲಚ್ ಲರ್ನಿಂಗ್ (ಹೊಸ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂದು ಗಾಡಿಯ ಕಂಪ್ಯೂಟರಿಗೆ ಕಲಿಸುವುದು) ಮಾಡಬೇಕು. ಈ ಕೊನೆಯದನ್ನು ಬಿಟ್ಟರೆ ಹೊಸ ಕ್ಲಚ್ ಹಾಕಿದ ದಿನವೇ ನಡುಕ ವಾಪಸ್ ಬರುತ್ತದೆ.

ಎ.ಸಿ. ಬಗ್ಗೆ: ಪ್ರತಿ ಬೇಸಿಗೆಯಲ್ಲಿ ಗ್ಯಾಸ್ ತುಂಬುವುದು ರಿಪೇರಿಯಲ್ಲ. ಗ್ಯಾಸ್ ತಾನಾಗಿ ಖರ್ಚಾಗಿಹೋಗುವ ವಸ್ತುವಲ್ಲ, ಪ್ರತಿ ವರ್ಷ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಮುಂದಿನ ಕಂಡೆನ್ಸರ್‌ಗೆ ಕಲ್ಲು ಬಡಿದಿರಬಹುದು, ಇಲ್ಲವೇ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ತೂತಾಗಿರಬಹುದು. ನೈಟ್ರೋಜನ್ ಒತ್ತಡ ಹಾಕಿ ಸೋರಿಕೆ ಹಿಡಿಯಿರಿ, ಸರಿಮಾಡಿ, ಅರ್ಧ ಗಂಟೆ ವ್ಯಾಕ್ಯೂಮ್ ಎಳೆಯಿರಿ, ಬಾನೆಟ್ ಅಡಿಯ ಸ್ಟಿಕ್ಕರಿನಲ್ಲಿ ಬರೆದಿರುವಷ್ಟು ಗ್ರಾಂ ಮಾತ್ರ ತೂಕಮಾಡಿ ತುಂಬಿ. ಕೂಲಿಂಗ್ ಕಾಯಿಲ್‌ಗಾಗಿ ಡ್ಯಾಶ್‌ಬೋರ್ಡ್ ಬಿಚ್ಚಿದ ಗಾಡಿಗಳಲ್ಲಿ ಆಮೇಲೆ ಕಿರಿಕಿರಿ ಸದ್ದು ಶುರುವಾಗಿದೆ. ಕ್ಲಿಪ್ಪುಗಳು ಮುರಿದರೆ ಹೊಸದು ಹಾಕದೆ ಹಾಗೇ ಒತ್ತಿ ಕೂರಿಸಿರುವುದೇ ಇದಕ್ಕೆ ಕಾರಣ.

ಸಿಎನ್‌ಜಿ ಗಾಡಿಗಳಲ್ಲಿ ಎಳೆತ ತಪ್ಪಿ ಗುದ್ದುವುದು ಸಾಮಾನ್ಯ ದೂರು. ಗ್ಯಾಸ್ ಹೊತ್ತಿಸಲು ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು. ಪ್ಲಗ್ ಸವೆದು ಗ್ಯಾಪ್ ಹೆಚ್ಚಿದಷ್ಟೂ ಇಗ್ನಿಷನ್ ಕಾಯಿಲ್ ಮೇಲೆ ಹೊರೆ ಬಿದ್ದು ಅದೂ ಸುಡುತ್ತದೆ. ಪೆಟ್ರೋಲ್ ಗಾಡಿಯ ವೇಳಾಪಟ್ಟಿಯನ್ನೇ ಇವಕ್ಕೂ ಹಚ್ಚುತ್ತಿರುವುದು ತಪ್ಪು. ಪ್ಲಗ್, ಗ್ಯಾಸ್ ಫಿಲ್ಟರ್, ಟ್ಯಾಪೆಟ್ ಕ್ಲಿಯರೆನ್ಸ್‌ಗೆ (ವಾಲ್ವ್‌ಗಳ ಅಂತರ) ಪ್ರತ್ಯೇಕ ವೇಳಾಪಟ್ಟಿಯನ್ನು ಬರವಣಿಗೆಯಲ್ಲಿ ಕೊಡಿ. ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಆಗಲೇಬೇಕೆಂಬ ನಿಯಮವನ್ನೂ ಮಾರುವಾಗಲೇ ಹೇಳಿ. ಕಾರಿನ ಒಟ್ಟು ಉದ್ದ 4 ಮೀಟರ್ ಮೀರಬಾರದೆಂದು ಕುಗ್ಗಿಸಿದ ಡಿಕ್ಕಿಯಲ್ಲಿ ಸಿಲಿಂಡರ್ ಕೂತ ಮೇಲೆ, ಹಿಂದೆ ಮೂವರು ಕೂತರೆ ಹಿಂಭಾಗ ನೆಲ ಮುಟ್ಟುವಂತೆ ಬಗ್ಗುತ್ತದೆ. ಹಿಂದಿನ ಸ್ಪ್ರಿಂಗ್ ಪೆಟ್ರೋಲ್ ಗಾಡಿಯದೇ ಹಾಕಿದ್ದೀರಾ ಎಂಬುದಕ್ಕೂ ಉತ್ತರ ಬೇಕು.

ಮಳೆಗಾಲದಲ್ಲಿ ಟೇಲ್ ಲ್ಯಾಂಪಿನ ಗ್ಯಾಸ್ಕೆಟ್ ಮೂಲಕ ನೀರು ಇಳಿದು ಸ್ಟೆಪ್ನಿ ಗುಂಡಿಯಲ್ಲಿ ನಿಲ್ಲುತ್ತದೆ. ಚಿಕ್ಕ ರಬ್ಬರ್, ಬದಲಿಸಿದರೆ ಮುಗಿಯಿತು. ಬದಲಿಸಿ.

ಬಿಲ್ಲಿನ ವಿಷಯ ಬಿಟ್ಟರೆ ಪತ್ರ ಪೂರ್ತಿಯಾಗದು. ಇಂಜೆಕ್ಟರ್ ಕ್ಲೀನಿಂಗ್, ಎಂಜಿನ್ ಫ್ಲಶ್, ಡಿಕಾರ್ಬನೈಸಿಂಗ್, ಆಂಟಿ ರಸ್ಟ್ ಕೋಟಿಂಗ್ ಎಂದು ಪ್ರತಿ ಸರ್ವಿಸ್‌ನಲ್ಲೂ ಸೇರಿಸುವ ಬಾಬತ್ತುಗಳು ನಿಮ್ಮ ಕೈಪಿಡಿಯ ವೇಳಾಪಟ್ಟಿಯಲ್ಲೇ ಇಲ್ಲ. ಬೇಡದ್ದಕ್ಕೆ ಇಷ್ಟು ಉತ್ಸಾಹ. ಬೇಕಾದ ಲಿಂಕ್ ರಾಡ್ ಕೇಳಿದರೆ ‘ಪಾರ್ಟ್ ಬಂದಿಲ್ಲ’. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಂಜೆಯೊಳಗೆ ಸಿಗುವ ಭಾಗ 70 ಕಿಲೋಮೀಟರ್ ದೂರದ ತುಮಕೂರಿನ ಅಧಿಕೃತ ಸರ್ವಿಸ್ ಸೆಂಟರಿಗೆ ವಾರಗಟ್ಟಲೆ ಬರುವುದಿಲ್ಲ ಎಂದರೆ ನಂಬುವುದು ಕಷ್ಟ.

ಆದ್ದರಿಂದ ನಾವು ಕೇಳುತ್ತಿರುವುದು ಇಷ್ಟು. ಥರ್ಮೋಸ್ಟಾಟ್ ಹೌಸಿಂಗ್ ಅನ್ನು ನಮ್ಮೆಲ್ಲ ಗಾಡಿಗಳಲ್ಲೂ ಪ್ರೆಷರ್ ಟೆಸ್ಟ್ ಮಾಡಿ, ಸೋರುವುದನ್ನು ವಾರಂಟಿ ಮುಗಿದಿದ್ದರೂ ಉಚಿತವಾಗಿ ಬದಲಿಸಬೇಕು. ಎಎಂಟಿ ನ್ಯೂಟ್ರಲ್‌ಗೆ ಬೀಳುವ ದೋಷವನ್ನು ಸುರಕ್ಷತೆಯ ದೋಷವೆಂದು ದಾಖಲಿಸಿ, ನಿಮ್ಮ ಪ್ರಾದೇಶಿಕ ತಾಂತ್ರಿಕ ಎಂಜಿನಿಯರನ್ನು ತುಮಕೂರಿಗೆ ಕಳಿಸಿ, ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಟ್ರಯಲ್ ನೋಡಬೇಕು, ಅದೂ ನಾವು ತೋರಿಸುವ ರಸ್ತೆಯಲ್ಲಿ. ಒಮ್ಮೆ ಬದಲಿಸಿ ಮತ್ತೆ ಸೀಳಿದ ಬುಷ್‌ಗಳ ಭಾಗ ಹಾಗೂ ಕೂಲಿ ಎರಡನ್ನೂ ಹಿಂದಿರುಗಿಸಬೇಕು. ಬುಷ್ ಸವೆಯುವ ಭಾಗ, ವಾರಂಟಿ ಇಲ್ಲ ಎಂಬ ಉತ್ತರ ಇದಕ್ಕೆ ನಡೆಯದು. ತಪ್ಪಾಗಿ ಕೂರಿಸಿದ್ದು ಸವೆತವಲ್ಲ. ಬದಲಿಸಿದ ಹಳೆಯ ಭಾಗಗಳನ್ನು ನಮಗೆ ತೋರಿಸಿಯೇ ಬಿಲ್ ಮಾಡಬೇಕು. ಜಾಬ್ ಕಾರ್ಡಿನಲ್ಲಿ ‘ಸಹಜ’ ಎಂಬ ಪದದ ಬದಲು ಏನನ್ನು, ಹೇಗೆ ಪರೀಕ್ಷಿಸಿದಿರಿ, ಅಳತೆ ಎಷ್ಟು ಬಂತು ಎಂದು ಬರೆಯಬೇಕು.

ಈ ಪತ್ರ ತಲುಪಿದ 30 ದಿನಗಳೊಳಗೆ ಭಾಗವಾರು ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇವೆ. ನಂತರ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 35ರ ಅಡಿ, ಒಂದೇ ಹಿತಾಸಕ್ತಿಯ ಹಲವು ಗ್ರಾಹಕರ ಪರವಾಗಿ ಒಟ್ಟಾಗಿ ದೂರು ಕೊಡಲು ಜಿಲ್ಲಾ ಆಯೋಗದ ಅನುಮತಿ ಕೇಳುತ್ತೇವೆ. ಎಎಂಟಿ ದೋಷದ ಬಗ್ಗೆ, 7 ವರ್ಷ ತುಂಬದ ವಾಹನಗಳ ಮಾಲೀಕರು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 110ಎ ಅಡಿಯ ರೀಕಾಲ್ (ದೋಷವಿರುವ ಗಾಡಿಗಳನ್ನು ಕಂಪನಿ ವಾಪಸ್ ಕರೆಸಿ ಸರಿಮಾಡುವ) ವ್ಯವಸ್ಥೆಯಲ್ಲಿ ಪ್ರತ್ಯೇಕವಾಗಿ ದೂರು ದಾಖಲಿಸುತ್ತಾರೆ. ಜಾಬ್ ಕಾರ್ಡುಗಳು, ಬಿಲ್ಲುಗಳು, ಸೀಳಿದ ಬುಷ್‌ಗಳ ಫೋಟೋಗಳು ಮತ್ತು ಸದ್ದಿನ ವಿಡಿಯೋಗಳಿರುವ ಪೆನ್‌ಡ್ರೈವ್ ಇದರೊಂದಿಗೆ ಇವೆ. ಬಿಚ್ಚಿದ ಬುಷ್‌ಗಳು ನಮ್ಮ ಬಳಿಯೇ ಇವೆ, ನಿಮ್ಮ ಎಂಜಿನಿಯರ್ ಬಂದಾಗ ಕೈಗೆ ಕೊಡುತ್ತೇವೆ.

ಇಂತಿ,
ಕೆಳಗೆ ಸಹಿ ಮಾಡಿರುವ ಕಾರು ಮಾಲೀಕರು
ತುಮಕೂರು