ಲಾಜಿಕ್ ಕೇಳುವವರನ್ನು ಬೈಯಬೇಡಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಓದುಗರೊಬ್ಬರ ಪತ್ರಕ್ಕೆ ಇದು ಉತ್ತರ. ಈಗಿನ ಹುಡುಗರು ಯಾವುದೋ ಇಂಗ್ಲಿಷ್ ಸೀರಿಯಲ್‌ನ ಹಳೇ ಸ್ಪೆಷಲ್ ಎಪಿಸೋಡ್ ಒಂದನ್ನು ಹಿಡಿದುಕೊಂಡು ಗಂಟೆಗಟ್ಟಲೆ ವಾದ ಮಾಡುತ್ತಾರೆ, ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕಥೆಯಲ್ಲಿ ಲಾಜಿಕ್ ಹುಡುಕುವುದೇ ದಡ್ಡತನ, ಅದು ಮಕ್ಕಳಿಗೆ ಮಾಡಿದ್ದು, ನೋಡಿ ಸುಮ್ನೆ ಇರಬೇಕು ಅಂತ ಅವರು ಬರೆದಿದ್ದರು. ಸೀರಿಯಲ್ ಹೆಸರು ಹೇಳಿರಲಿಲ್ಲ. ಆದರೆ ಕೊಟ್ಟ ವಿವರ ನೋಡಿದರೆ ಅದು ಡಾಕ್ಟರ್ ಹೂ, ಮತ್ತು ಆ ಸ್ಪೆಷಲ್ 2013ರ ನವೆಂಬರ್ 23ರಂದು ಬಂದ ‘ದಿ ಡೇ ಆಫ್ ದಿ ಡಾಕ್ಟರ್’. ಈ ವಾದ ಮಾಡುವವರಲ್ಲಿ ನಾನೂ ಒಬ್ಬಳು. ಹುಡುಗಿಯಲ್ಲ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಒಂದರಲ್ಲಿ ಲೆಕ್ಕ ಬರೆಯುವವಳು. ಅವರ ಮಾತು ಒಪ್ಪಲು ನನಗೆ ಸಾಧ್ಯವೇ ಇಲ್ಲ.

ನೋಡದೇ ಇರುವವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಡಾಕ್ಟರ್ ಹೂ ಬಿಬಿಸಿಯಲ್ಲಿ ಶುರುವಾಗಿದ್ದು 1963ರ ನವೆಂಬರ್ 23ಕ್ಕೆ. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯವರ ಕೊಲೆಯಾಗಿತ್ತು, ಹಾಗಾಗಿ ಮೊದಲ ಕಂತನ್ನು ಮುಂದಿನ ವಾರ ಮತ್ತೆ ತೋರಿಸಬೇಕಾಯಿತು. ಡಾಕ್ಟರ್ ಅನ್ನುವವನು ಗ್ಯಾಲಿಫ್ರೇ ಎಂಬ ಗ್ರಹದ ಟೈಮ್ ಲಾರ್ಡ್, ಅಂದರೆ ಕಾಲದಲ್ಲಿ ಓಡಾಡಬಲ್ಲ ಜನಾಂಗದವನು. ಲಂಡನ್ ಪೊಲೀಸರ ಹಳೇ ನೀಲಿ ಪೆಟ್ಟಿಗೆಯ ಹಾಗೆ ಕಾಣುವ ಟಾರ್ಡಿಸ್‌ನಲ್ಲಿ ಕೂತು ಯಾವ ಕಾಲಕ್ಕೆ ಬೇಕಾದರೂ ಹೋಗುತ್ತಾನೆ. ಸಾಯುವ ಹೊತ್ತು ಬಂದರೆ ಮೈ, ಮುಖ ಎಲ್ಲ ಬದಲಾಗಿ ಹೊಸಬನಾಗುತ್ತಾನೆ. 1966ರಲ್ಲಿ ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಬಿಟ್ಟು ಹೋದಾಗ ಸೀರಿಯಲ್ ನಿಲ್ಲಬಾರದು ಅಂತ ಮಾಡಿಕೊಂಡ ಏರ್ಪಾಡು ಇದು. 1989ರಲ್ಲಿ ನಿಂತಿತು, ಮಧ್ಯೆ 1996ರ ಒಂದು ಟಿವಿ ಸಿನಿಮಾ ಬಂತು, 2005ರಲ್ಲಿ ಮತ್ತೆ ಶುರುವಾಯಿತು. ಹೀಗೆ ಮತ್ತೆ ಬಂದಾಗ ಡಾಕ್ಟರ್ ಬೇರೆಯೇ ಮನುಷ್ಯನಾಗಿದ್ದ. ಡಾಲೆಕ್‌ಗಳು ಅನ್ನುವ ಕ್ರೂರ ಅನ್ಯಗ್ರಹ ಜೀವಿಗಳ ಜೊತೆ ದೊಡ್ಡ ಯುದ್ಧವಾಗಿತ್ತು, ಅದನ್ನು ನಿಲ್ಲಿಸಲು ಅವನು ತನ್ನ ಗ್ರಹವನ್ನೇ ಸುಟ್ಟುಬಿಟ್ಟಿದ್ದ, ಮಕ್ಕಳು ಮರಿ ಸಮೇತ. 2005ರಿಂದ 2013ರವರೆಗೆ ನಾವು ನೋಡಿದ್ದು ಆ ಪಾಪ ಹೊತ್ತು ತಿರುಗುವವನನ್ನು.

ಐವತ್ತು ವರ್ಷ ತುಂಬಿದ್ದಕ್ಕೆ ಮಾಡಿದ ಈ ಸ್ಪೆಷಲ್ ನಮ್ಮನ್ನು ನೇರ ಆ ದಿನಕ್ಕೇ ಕರೆದುಕೊಂಡು ಹೋಗುತ್ತದೆ. 94 ದೇಶಗಳಲ್ಲಿ ಒಂದೇ ಹೊತ್ತಿಗೆ ಪ್ರಸಾರವಾಗಿ ಗಿನ್ನೆಸ್ ದಾಖಲೆ ಸೇರಿತು. ಗ್ರಹ ಸುಡಲು ಹೊರಟ ಡಾಕ್ಟರ್ ಆಗಿ ನಟಿಸಿದ್ದು ಜಾನ್ ಹರ್ಟ್, ಮುಂದಿನ ಕಾಲದಿಂದ ಬಂದು ಅವನನ್ನು ಸೇರುವ ಅದೇ ಡಾಕ್ಟರ್‌ನ ಮುಂದಿನ ಮುಖಗಳು ಡೇವಿಡ್ ಟೆನೆಂಟ್ ಮತ್ತು ಮ್ಯಾಟ್ ಸ್ಮಿತ್. ಕೊನೆಗೆ ಹದಿಮೂರು ಡಾಕ್ಟರ್‌ಗಳೂ ಸೇರಿ ಗ್ರಹವನ್ನು ಸುಡದೆ, ಒಂದೇ ಕ್ಷಣದಲ್ಲಿ ಹೆಪ್ಪುಗಟ್ಟಿಸಿ ಬೇರೆ ಕಡೆ ಬಚ್ಚಿಡುತ್ತಾರೆ. ಗ್ರಹ ಮಾಯ, ಸುತ್ತ ನಿಂತು ಗುಂಡು ಹಾರಿಸುತ್ತಿದ್ದ ಡಾಲೆಕ್ ಹಡಗುಗಳು ಒಂದಕ್ಕೊಂದು ಹೊಡೆದುಕೊಂಡು ಸಾಯುತ್ತವೆ.

ನಮ್ಮ ಜಗಳ ಶುರುವಾಗುವುದೇ ಇಲ್ಲಿ.

ನವೆಂಬರ್ ಅಂದರೆ ನಮ್ಮಲ್ಲಿ ಅರೇಬಿಕಾ ಕೊಯ್ಲು ಶುರುವಾಗುವ ಕಾಲ, ಯಾರಿಗೂ ಬಿಡುವಿರುವುದಿಲ್ಲ. ಆದರೂ 23ನೇ ತಾರೀಕು ರಾತ್ರಿ ನಮ್ಮ ಮನೆಯಲ್ಲಿ ಎಲ್ಲರೂ ಸೇರುತ್ತಾರೆ. ಅಕ್ಕನ ಮಗ, ಅವನ ಜೊತೆ ಇಂಜಿನಿಯರಿಂಗ್ ಓದುವ ಗೆಳೆಯರು, ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರು. ಹೋದ ಸಲ ಮೇಷ್ಟ್ರು ಕ್ಯಾಲೆಂಡರ್ ಹಾಳೆಯ ಹಿಂದೆ ಒಂದು ದುಂಡು ಬರೆದರು. ಸುತ್ತ ಚುಕ್ಕಿ ಇಟ್ಟರು, ಒಂದೊಂದು ಚುಕ್ಕಿಯೂ ಒಂದೊಂದು ಹಡಗು. ಆಮೇಲೆ ಗೆರೆ ಎಳೆಯುತ್ತಾ ಹೋದರು. “ನೋಡಮ್ಮಾ, ಗುಂಡು ಬೀಳುವುದು ಊರಿನ ಮೇಲೆ, ಕೋಟೆಯ ಮೇಲೆ. ಎಲ್ಲವೂ ಗ್ರಹದ ನಡುಮಧ್ಯಕ್ಕೆ ಗುರಿ ಇಟ್ಟಿರುವುದಿಲ್ಲ. ಗ್ರಹ ತೆಗೆದುಬಿಟ್ಟರೆ ಮುಕ್ಕಾಲು ಪಾಲು ಗುಂಡು ಸಂದಿಯಲ್ಲಿ ತೂರಿ ಆಚೆ ಹೋಗುತ್ತದೆ. ಎಲ್ಲಾ ಹಡಗೂ ಹೇಗೆ ಸಾಯುತ್ತೆ?” ಅಂದರು. ಅಕ್ಕನ ಮಗ ಟಿವಿ ನಿಲ್ಲಿಸಿ, ರಿಮೋಟ್ ಕೈಯಲ್ಲೇ ಹಿಡಿದುಕೊಂಡು, “ಸರ್, ಎಲ್ಲಾ ಸತ್ತಿಲ್ಲ ಅಲ್ವಾ! 2005ರಲ್ಲೇ ಉಳಿದುಕೊಂಡ ಡಾಲೆಕ್ ಬಂದಿತ್ತಲ್ಲ, ಆಮೇಲೆ ಅವರ ಚಕ್ರವರ್ತಿಯೇ ಬಂದ” ಅಂದ. ಮೇಷ್ಟ್ರು ಸ್ವಲ್ಪ ಹೊತ್ತು ಹಾಳೆ ನೋಡಿ, ಹಾಗಾದರೆ ಲೆಕ್ಕ ಸರಿಹೋಗುತ್ತದೆ ಅಂತ ಒಪ್ಪಿಕೊಂಡರು. ಕಥೆಯ ತೂತು ಅಂತ ಕಂಡಿದ್ದು ಎಂಟು ವರ್ಷ ಹಿಂದಿನ ಕಂತಿಗೆ ಸರಿಯಾಗಿ ಕೂತುಕೊಂಡಿತು. ಇದನ್ನು ದಡ್ಡತನ ಅನ್ನುತ್ತೀರಾ? ಒಂದು ಕಾಗದ, ಒಂದು ಪೆನ್ನು ಹಿಡಿದು ಇಷ್ಟು ಯೋಚನೆ ಮಾಡಿಸುವ ಕಾರ್ಯಕ್ರಮ ಟಿವಿಯಲ್ಲಿ ಎಷ್ಟಿವೆ?

ಹಾಗಂತ ಈ ಸ್ಪೆಷಲ್‌ನಲ್ಲಿ ತಪ್ಪೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇವೆ. ಜೈಗಾನ್‌ಗಳ ಕಥೆಯನ್ನೇ ನೋಡಿ. ಬೇರೆಯವರ ರೂಪ ಹೊತ್ತು ಬರುವ ಈ ಅನ್ಯಗ್ರಹದವರೂ ಮನುಷ್ಯರೂ ಲಂಡನ್ ಟವರ್ ಕೆಳಗೆ ಎದುರುಬದುರು ಕೂರುತ್ತಾರೆ, ಬಾಂಬ್ ಸಿಡಿಯುವ ಹೊತ್ತು ಹತ್ತಿರ ಬರುತ್ತಿರುತ್ತದೆ. ಡಾಕ್ಟರ್‌ಗಳು ಎರಡೂ ಕಡೆಯವರಿಗೆ ತಾವು ಯಾರು ಅನ್ನುವುದೇ ಮರೆತುಹೋಗುವ ಹಾಗೆ ಮಾಡುತ್ತಾರೆ. ತಾನು ಯಾವ ಕಡೆಯವನು ಅಂತ ಗೊತ್ತಿಲ್ಲದೇ ಇದ್ದರೆ ಒಪ್ಪಂದ ನ್ಯಾಯವಾಗಿರಲೇಬೇಕು. ಎಂಥಾ ಒಳ್ಳೆಯ ಯೋಚನೆ! ಆದರೆ ಕಥೆ ಅವರನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಒಪ್ಪಂದ ಏನಾಯಿತು, ಯಾರಿಗೆ ಏನು ಸಿಕ್ಕಿತು, ಒಂದು ಮಾತೂ ಇಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು 2015ರಲ್ಲಿ. ಎರಡು ಕಂತುಗಳ ಕಥೆ ಮಾಡಿ, ಎರಡು ಕೋಟಿ ಜೈಗಾನ್‌ಗಳು ಮನುಷ್ಯರ ರೂಪದಲ್ಲಿ ಭೂಮಿಯ ಮೇಲೆ ಬದುಕುತ್ತಿದ್ದಾರೆ, ಆ ಒಪ್ಪಂದ ಈಗ ಮುರಿಯುತ್ತಿದೆ ಅಂತ ತೋರಿಸಿದರು.

ಇನ್ನೊಂದು, ಮುಖ ಬದಲಾಯಿಸುವ ಲೆಕ್ಕ. ಟೈಮ್ ಲಾರ್ಡ್ ಹನ್ನೆರಡು ಸಲ ಮಾತ್ರ ಬದಲಾಗಬಹುದು ಅಂತ 1976ರಲ್ಲೇ ಹೇಳಿದ್ದರು. 2013ರ ಸ್ಪೆಷಲ್‌ಗೆ, 2005ರಲ್ಲಿ ಡಾಕ್ಟರ್ ಆಗಿದ್ದ ನಟ ಕ್ರಿಸ್ಟೋಫರ್ ಎಕಲ್ಸ್ಟನ್ ಬರಲು ಒಪ್ಪಲಿಲ್ಲ, ಅದಕ್ಕೇ ಜಾನ್ ಹರ್ಟ್ ಪಾತ್ರ ಹುಟ್ಟಿತು. ಮಧ್ಯೆ ಒಬ್ಬ ಹೊಸಬ ಸೇರಿದ್ದರಿಂದ ಲೆಕ್ಕ ಒಂದು ಮುಂದಕ್ಕೆ ಹೋಯಿತು. 2008ರಲ್ಲಿ ಟೆನೆಂಟ್ ಮುಖ ಬದಲಾಯಿಸದೆಯೇ ಒಂದು ಅವಕಾಶ ಖರ್ಚು ಮಾಡಿಕೊಂಡಿದ್ದ. ಕೂಡಿಸಿದರೆ ಮ್ಯಾಟ್ ಸ್ಮಿತ್‌ಗೆ ಬರುವ ಹೊತ್ತಿಗೆ ಹನ್ನೆರಡೂ ಮುಗಿದಿತ್ತು. ಆ ವರ್ಷದ ಕ್ರಿಸ್ಮಸ್ ಕಂತಿನಲ್ಲಿ ಅದನ್ನೇ ಕಥೆ ಮಾಡಿ, ಟೈಮ್ ಲಾರ್ಡ್‌ಗಳು ಅವನಿಗೆ ಹೊಸದಾಗಿ ಶಕ್ತಿ ಕೊಟ್ಟರು ಅಂತ ದಾಟಿಸಿದರು. ಬೆರಳು ಮಡಚಿ ಎಣಿಸುವ ಜನ ಇದ್ದರು, ಅದಕ್ಕೇ ಬರೆಯುವವರು ಉತ್ತರ ಹುಡುಕಿದರು ಅಂತ ನಾನು ನಂಬುತ್ತೇನೆ. ಲಾಜಿಕ್ ಕೇಳಬೇಡಿ ಅಂತ ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅವರಿಗೆ ಅಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ.

ಈಗ ದೊಡ್ಡ ಆರೋಪಕ್ಕೆ ಬರುತ್ತೇನೆ. ಅಕ್ಕನ ಮಗನ ಗೆಳೆಯನೊಬ್ಬ ಇದನ್ನು ಹೇಳಿದಾಗ ಮನೆಯಲ್ಲಿ ಎಲ್ಲರೂ ಸುಮ್ಮನಾದರು. ಗ್ರಹ ಸುಟ್ಟೇ ಇಲ್ಲ ಅಂದಮೇಲೆ ಎಂಟು ವರ್ಷ ನಾವು ನೋಡಿದ ದುಃಖ ಸುಳ್ಳಾಯಿತಲ್ಲ, ಅದು ಮೋಸ ಅಲ್ವಾ ಅಂತ ಅವನ ಪ್ರಶ್ನೆ. ಇದು ಬರೀ ಲೆಕ್ಕದ ತೂತಲ್ಲ. ಹಡಗು ಸತ್ತವಾ ಬಿಟ್ಟವಾ ಅನ್ನುವುದು ತಪ್ಪಾದರೂ ಕಥೆ ನಿಲ್ಲುತ್ತದೆ. ಪಾತ್ರದ ನೋವು ಸುಳ್ಳಾದರೆ ನಿಲ್ಲುವುದಿಲ್ಲ. ನಾವು ಯಾವುದೇ ಕಥೆಯ ತಪ್ಪು ಹುಡುಕುವಾಗ ಈ ವ್ಯತ್ಯಾಸ ನೋಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಇದಕ್ಕೆ ಉತ್ತರ ಜೈಲಿನ ದೃಶ್ಯದಲ್ಲಿದೆ. ಮೂವರು ಡಾಕ್ಟರ್‌ಗಳೂ ಲಂಡನ್ ಟವರ್‌ನ ಒಂದು ಕೋಣೆಯಲ್ಲಿ ಸಿಕ್ಕಿಬಿದ್ದಿದ್ದಾರೆ. ಜಾನ್ ಹರ್ಟ್ ಇನ್ನೂ ಗ್ರಹ ಸುಟ್ಟಿಲ್ಲ, ಸುಡಲು ಹೊರಟವನು. ಆ ದಿನ ಗ್ಯಾಲಿಫ್ರೇಯಲ್ಲಿ ಎಷ್ಟು ಮಕ್ಕಳಿದ್ದರು, ಎಣಿಸಿದಿರಾ ಅಂತ ಅವನು ಇಬ್ಬರನ್ನೂ ಕೇಳುತ್ತಾನೆ. ಮ್ಯಾಟ್ ಸ್ಮಿತ್ ಗೊತ್ತಿಲ್ಲ ಅನ್ನುತ್ತಾನೆ. ಟೆನೆಂಟ್ ತಟ್ಟನೆ ಹೇಳುತ್ತಾನೆ, 247 ಕೋಟಿ. ಹೇಳಿ ಸ್ಮಿತ್ ಕಡೆ ತಿರುಗುತ್ತಾನೆ, ನೀನೂ ಎಣಿಸಿದ್ದೆ, ಇಷ್ಟು ಬೇಗ ಮರೆತೆಯಾ ಅಂತ. ಆ ಮುಖದಲ್ಲಿ ಕೋಪಕ್ಕಿಂತ ಹೆದರಿಕೆ ಜಾಸ್ತಿ. ಮುಂದೊಂದು ದಿನ ತಾನೂ ಹೀಗೇ ಮರೆಯುವವನಾಗುತ್ತೇನೆ ಅನ್ನುವ ಹೆದರಿಕೆ. ನಾನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಅಲ್ಲಿ ಗಂಟಲು ಕಟ್ಟುತ್ತದೆ.

ಕೊನೆಯಲ್ಲಿ ಗ್ರಹ ಉಳಿಸಿದ ಮೇಲೆ ಏನಾಗುತ್ತದೆ ನೋಡಿ. ಕಾಲದ ಹರಿವು ಹೊಂದುವುದಿಲ್ಲವಾದ್ದರಿಂದ ಹರ್ಟ್‌ಗೂ ಟೆನೆಂಟ್‌ಗೂ ಇದು ನೆನಪಿರುವುದಿಲ್ಲ. ಹರ್ಟ್ ಅದನ್ನು ತಿಳಿದೇ ಒಪ್ಪಿಕೊಳ್ಳುತ್ತಾನೆ. ಅಂದರೆ ಮುಂದಿನ ನಾನೂರು ವರ್ಷ ಅವನು ತಾನು ಕೊಂದೆ ಅಂದುಕೊಂಡೇ ಬದುಕಬೇಕು. ಆ ದುಃಖದಲ್ಲಿ ಒಂದು ಹನಿಯೂ ಕಡಿಮೆಯಾಗಲಿಲ್ಲ. ಬಿಡುಗಡೆ ಸಿಕ್ಕಿದ್ದು ಮ್ಯಾಟ್ ಸ್ಮಿತ್ ಒಬ್ಬನಿಗೆ, ಅವನೂ ಅಷ್ಟು ವರ್ಷ ಅನುಭವಿಸಿದ ಮೇಲೆ. ಇದನ್ನು ಮೋಸ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಆ ಹುಡುಗ ಇನ್ನೂ ಒಪ್ಪಿಲ್ಲ. ಒಪ್ಪದೇ ಇರಲು ಅವನ ಹತ್ತಿರ ಕಾರಣ ಇದೆ, ಇರಲಿ.

ಉಪಾಯವೂ ಆಕಾಶದಿಂದ ಉದುರಿದ್ದಲ್ಲ. ಗ್ರಹ ಹೆಪ್ಪುಗಟ್ಟಿಸುವ ವಿದ್ಯೆ ಮೊದಲೇ ಚಿತ್ರಪಟಗಳಲ್ಲಿ ಬಂದಿರುತ್ತದೆ, ಒಂದು ಕ್ಷಣವನ್ನೇ ಹಿಡಿದಿಟ್ಟ ಚಿತ್ರಗಳು ಅವು, ಜೈಗಾನ್‌ಗಳು ಅಡಗಿ ಕೂತಿದ್ದೂ ಅಂಥವುಗಳಲ್ಲೇ. ಗ್ರಹ ಹೆಪ್ಪುಗಟ್ಟಿಸಲು ನೂರಾರು ವರ್ಷ ಬೇಕಾಗುವ ಲೆಕ್ಕ ಒಂದೇ ಹೊತ್ತಿಗೆ ಹೇಗೆ ಮುಗಿಯಿತು ಅನ್ನುವುದಕ್ಕೂ ಉತ್ತರ ಅದೇ ಜೈಲಿನಲ್ಲಿದೆ. ಬಾಗಿಲು ಒಡೆಯುವ ಲೆಕ್ಕವನ್ನು ಹರ್ಟ್‌ನ ಸ್ಕ್ರೂಡ್ರೈವರ್‌ನಲ್ಲಿ, ಅಂದರೆ ಡಾಕ್ಟರ್ ಸದಾ ಇಟ್ಟುಕೊಳ್ಳುವ ಪುಟ್ಟ ಯಂತ್ರದಲ್ಲಿ, ಶುರು ಮಾಡಿದರೆ ನಾನೂರು ವರ್ಷ ಆದಮೇಲೆ ಸ್ಮಿತ್‌ನ ಕೈಯಲ್ಲಿ ಅದು ಮುಗಿದಿರುತ್ತದೆ. ಅಷ್ಟರಲ್ಲಿ ಸ್ಮಿತ್‌ನ ಜೊತೆಗಾತಿ ಕ್ಲಾರಾ ಬಂದು ಬಾಗಿಲು ತಳ್ಳುತ್ತಾಳೆ, ಬೀಗವೇ ಹಾಕಿರಲಿಲ್ಲ. ಎಲ್ಲರೂ ನಗುತ್ತೇವೆ, ನಗುವಾಗ ಆ ಲೆಕ್ಕದ ವಿಷಯ ಮರೆಯುತ್ತೇವೆ, ಕೊನೆಯಲ್ಲಿ ಅದೇ ಉಪಾಯ ಗ್ರಹವನ್ನು ಉಳಿಸುತ್ತದೆ. ಇಷ್ಟು ಜಾಣತನ ಕಣ್ಣಿಗೆ ಬಿದ್ದದ್ದು ತಪ್ಪು ಹುಡುಕುತ್ತಾ ಮತ್ತೆ ಮತ್ತೆ ನೋಡಿದ್ದಕ್ಕೇ.

ಇದೆಲ್ಲ ನಮಗೆ ಹೊಸದೂ ಅಲ್ಲ. ನಮ್ಮ ಕೊಪ್ಪ, ಶೃಂಗೇರಿ ಕಡೆ ತಾಳಮದ್ದಲೆ ಕೇಳಿದವರಿಗೆ ಗೊತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿಗಳು ಕೂತಲ್ಲೇ ಮಾತಿಗೆ ಇಳಿಯುತ್ತಾರೆ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಅಂತ. ರಾಮ ಉತ್ತರ ಕೊಡುತ್ತಾನೆ, ವಾಲಿ ಬಿಡುವುದಿಲ್ಲ, ಮತ್ತೆ ಕೇಳುತ್ತಾನೆ. ಕಥೆ ಎಲ್ಲರಿಗೂ ಗೊತ್ತು, ಆದರೂ ನಿದ್ದೆಗೆಟ್ಟು ಕೂರುವುದು ಈ ವಾದಕ್ಕಾಗಿಯೇ. ವಾಲಿಯ ಅರ್ಥ ಹೇಳುವವರು ಗಟ್ಟಿಯಾಗಿ ಪ್ರಶ್ನೆ ಮಾಡಿದರೆ ರಾಮನಿಗೆ ಅವಮಾನ ಮಾಡಿದರು ಅಂತ ಯಾರಾದರೂ ಎದ್ದು ಹೋಗುತ್ತಾರಾ? ಅದೇ ಕೆಲಸವನ್ನು ನಮ್ಮ ಮಕ್ಕಳು ಬೇರೆ ಕಥೆಯ ಮೇಲೆ ಮಾಡಿದರೆ ಮಾತ್ರ ಟೈಮ್ ವೇಸ್ಟ್ ಅನ್ನುವುದು ಸರಿಯಲ್ಲ.

ಫ್ಯಾನ್ಸ್‌ಗೂ ಒಂದು ಮಾತು. ತಪ್ಪು ತೋರಿಸಿದ ತಕ್ಷಣ ನೀನು ನಿಜವಾದ ಫ್ಯಾನೇ ಅಲ್ಲ ಅಂತ ಬೈಯುವವರು ಇದ್ದಾರೆ, ಇಷ್ಟಪಟ್ಟವರನ್ನು ಬುದ್ಧಿ ಇಲ್ಲದವರು ಅನ್ನುವವರೂ ಇದ್ದಾರೆ. ಎರಡೂ ನೋಡಿ ನನಗೆ ಬೇಜಾರಾಗಿದೆ. ಹೊಸದಾಗಿ ನೋಡುವ ಹುಡುಗ ಹುಡುಗಿಯರು ಇವರಿಗೆ ಹೆದರಿ ಬಾಯಿ ತೆರೆಯುವುದಿಲ್ಲ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟು. ಸಿನಿಮಾ ವಿಮರ್ಶೆಗೆ ಪ್ರತಿ ವಾರ ಜಾಗ ಇದೆ. ತಿಂಗಳಿಗೊಮ್ಮೆಯಾದರೂ ಓದುಗರು ತಾವು ಮೆಚ್ಚಿದ ಸೀರೀಸ್‌ಗಳ ಬಗ್ಗೆ ಕನ್ನಡದಲ್ಲಿ ವಾದ ಮಾಡಲು ಅರ್ಧ ಪುಟ ಕೊಡಿ. ಕಳೆದ ವಾರದ ಪತ್ರ ಬರೆದವರೂ ಆ ಸ್ಪೆಷಲ್ ಒಮ್ಮೆ ಪೂರ್ತಿ ನೋಡಿ ಬರೆಯಲಿ, ಒಂದೂಕಾಲು ಗಂಟೆಯಷ್ಟೇ ಆಗುವುದು. ನಮಗೆ ಬಗೆಹರಿಯದ ಪ್ರಶ್ನೆ ಒಂದು ಇನ್ನೂ ಇದೆ. ಮೂವರು ಡಾಕ್ಟರ್‌ಗಳು ಸೇರಿದ್ದು ಸರಿ, ಉಳಿದ ಹತ್ತು ಜನರನ್ನು ಕರೆದವರು ಯಾರು, ಯಾವಾಗ? ತೆರೆಯ ಮೇಲೆ ಅದನ್ನು ತೋರಿಸುವುದೇ ಇಲ್ಲ. ಯಾರಿಗಾದರೂ ಉತ್ತರ ಹೊಳೆದರೆ ದಯವಿಟ್ಟು ಬರೆಯಿರಿ.

ಇಂತಿ,
ನಿಮ್ಮ ಓದುಗಿ,
ಬಸವನಹಳ್ಳಿ, ಚಿಕ್ಕಮಗಳೂರು