ನನಗೂ ಕನಸುಗಳು ಬಿದ್ದಿದ್ದವು

ವಿಜಯಪುರ
ಬುಧವಾರ, ರಾತ್ರಿ

ಚಿರಂಜೀವಿ ಮಗಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ನಾಲ್ಕು ದಿನ ನಿಲ್ಲಿಸಿದ್ದ ಹೃದಯದ ಗುಳಿಗೆಯನ್ನು ಸೋಮವಾರ ಬೆಳಿಗ್ಗೆಯೇ ವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದ ಪ್ರಮಾಣದಲ್ಲಿ ಮತ್ತೆ ಆರಂಭಿಸಿದ್ದೀಯ ಎಂದು ನಿನ್ನ ಅವ್ವ ಹೇಳಿದಳು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ನನಗೆ ಅನ್ನ ಗಂಟಲಲ್ಲಿ ಇಳಿಯಿತು. ಆದರೆ ಭಾನುವಾರ ರಾತ್ರಿ ನಾನು ಆಡಿದ ಮಾತು ಹಾಗೆಯೇ ಉಳಿದಿದೆ. "ನಾನೂ ಅದೇ ಗುಳಿಗೆ ನುಂಗುತ್ತಿದ್ದೇನೆ, ನನಗೇನೂ ಆಗಿಲ್ಲ, ನೀನೊಬ್ಬಳೇ ಅದಕ್ಕೆ ಇಷ್ಟು ರಂಪ ಮಾಡುತ್ತೀ" ಎಂದು ಕೂಗಿದೆ. ನೀನು ಫೋನ್ ಇಟ್ಟುಬಿಟ್ಟೆ. ಅದರಲ್ಲಿ ಅದೇ ಗುಳಿಗೆ ಎಂಬುದಷ್ಟೇ ನಿಜ. ನನಗೇನೂ ಆಗಿಲ್ಲ ಎಂಬುದು ಸುಳ್ಳು. ಅದನ್ನು ಫೋನಿನಲ್ಲಿ ಹೇಳಲು ಬಾಯಿ ಬಾರದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಿನಗಿಂತ ಐದು ತಿಂಗಳು ಮೊದಲು ನನ್ನ ಹಳೆಯ ಗುಳಿಗೆ ಮೆಟೊಪ್ರೊಲಾಲ್ ಬದಲಿಸಿ ಈಗಿನ ಪ್ರೊಪ್ರನೊಲಾಲ್ ಕೊಟ್ಟರಲ್ಲ, ಆಗಿನ ಮೊದಲ ಮೂರು ವಾರ ಬೆಳಿಗ್ಗೆ ಹಾಸಿಗೆಯಿಂದ ಏಳುವುದೇ ಒಂದು ಕೆಲಸವಾಗಿತ್ತು. ಡಿಸೆಂಬರಿನಲ್ಲಿ ನಿನ್ನ ಸೋದರಮಾವನ ಮಕ್ಕಳು ಬಂದಾಗ ಅವರಿಗೆ ಗೋಳಗುಮ್ಮಟ ತೋರಿಸಲು ಕರೆದುಕೊಂಡು ಹೋದವನು, ಮೂಲೆಯ ಏಳಂತಸ್ತಿನ ಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಲಾರದೆ ನಾಲ್ಕನೆಯ ಅಂತಸ್ತಿನಲ್ಲಿ ಗೋಡೆಗೆ ಒರಗಿ ಕುಳಿತೆ. ನಾಡಿ ಹಿಡಿದು ನೋಡಿಕೊಂಡರೆ ನಿಮಿಷಕ್ಕೆ 52. ಮೊಣಕಾಲು ನೋವು ಎಂದು ಮಕ್ಕಳಿಗೆ ಹೇಳಿದೆ. ಬೆರಳ ತುದಿಗಳು ಬಾವಿಯ ನೀರಿನಲ್ಲಿ ಅದ್ದಿ ತೆಗೆದಂತೆ ತಣ್ಣಗಿರುತ್ತಿದ್ದವು. ಇವೆಲ್ಲ ಸಹಿಸಬಹುದಾದವು. ಸಹಿಸಲಾಗದೆ ಹೋದದ್ದು ಕನಸು. ನಿನಗೆ ಬೀಳುವಂಥವೇ, ಎದ್ದ ಮೇಲೂ ಅರ್ಧ ಗಂಟೆ ನಿಜವೆಂದೇ ಅನ್ನಿಸುವಂಥವು. ನೀನು ಮೊದಲ ಸಲ ನಿನ್ನ ಕನಸುಗಳ ಬಗ್ಗೆ ಹೇಳಿದಾಗ ನನಗೂ ಹೀಗೇ ಆಗಿತ್ತೆಂದು ಹೇಳಬೇಕಾಗಿತ್ತು. ಹೇಳಲಿಲ್ಲ, ಏಕೆಂದರೆ ಹೇಳಿದ್ದರೆ ನೀನು ಯಾವ ಕನಸು ಎಂದು ಕೇಳುತ್ತಿದ್ದೆ.

ಬಾವಿಯ ಕನಸು. ನಿನ್ನ ದೊಡ್ಡ ಅತ್ತೆ ಬಾವಿಗೆ ಬಿದ್ದು ತೀರಿಕೊಂಡಳೆಂದು ನಿನಗೆ ಗೊತ್ತಿದೆ. ಆದರೆ ಅಕ್ಕ ಬಾವಿಗೆ ಬಿದ್ದವಳಲ್ಲ. 1971ರ ಬೇಸಿಗೆ. ಅವಳಿಗೆ ಹದಿಮೂರು, ನನಗೆ ಒಂಬತ್ತು. ಬಸವನ ಬಾಗೇವಾಡಿಯ ಕಡೆ ನಮ್ಮ ಹೊಲದಲ್ಲಿದ್ದ ಮೆಟ್ಟಿಲು ಬಾವಿಯಲ್ಲಿ ನನ್ನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಈಜು ಕಲಿಸಿದವಳೇ ಅವಳು. ಊರಿನ ಗಂಡುಹುಡುಗರು ಹಾರಲು ಹೆದರುತ್ತಿದ್ದ ಕಟ್ಟೆಯ ಮೇಲಿನಿಂದ ಹಾರುತ್ತಿದ್ದಳು. ಆ ದಿನ ಎರಡು ಸಲ ಹಾರಿ ಬಂದಿದ್ದಳು; ಮೂರನೆಯ ಸಲ ಹಾರಿ, ಮೇಲೆದ್ದು, ಮೆಟ್ಟಿಲಿನ ಕಡೆ ನಾಲ್ಕು ಕೈ ಹಾಕಿ, ನಿಂತುಬಿಟ್ಟಳು. ಕೂಗಲಿಲ್ಲ. ನೀರು ಬಡಿಯಲಿಲ್ಲ. ಮುಖ ನೀರಿನಲ್ಲಿತ್ತು, ಜಡೆ ಮೇಲೆ ತೇಲುತ್ತಿತ್ತು. ಉಸಿರು ಹಿಡಿಯುವ ಆಟ ನಾವು ದಿನವೂ ಆಡುತ್ತಿದ್ದೆವು. ಹಾಗಾಗಿ ನಾನು ಮೆಟ್ಟಿಲ ಮೇಲೆ ಕುಳಿತು ಗಟ್ಟಿಯಾಗಿ ಎಣಿಸಿದೆ, ಮೂವತ್ತರವರೆಗೆ. ಮೂವತ್ತು ಆದ ಮೇಲೂ ಅವಳು ತಲೆ ಎತ್ತದಿದ್ದಾಗ, ಗೆದ್ದೆ ಬಾ ಎಂದು ಕರೆದೆ.

ಬಾವಿಯಲ್ಲಿರುವುದು ಎಳೆದುಕೊಂಡಿತು ಎಂದು ಊರು ಮಾತಾಡಿಕೊಂಡಿತು. ನಮ್ಮ ಅವ್ವ ಬದುಕಿರುವವರೆಗೂ ಅಮಾವಾಸ್ಯೆಗೊಮ್ಮೆ ಆ ಬಾವಿಗೆ ಕಾಯಿ ಒಡೆಸುತ್ತಿದ್ದಳು. ನಾನು ವಿಜ್ಞಾನದ ಮಾಸ್ತರನಾದ ಮೇಲೂ, ಅಷ್ಟು ಚೆನ್ನಾಗಿ ಈಜುತ್ತಿದ್ದವಳು ಸದ್ದಿಲ್ಲದೆ ಹೇಗೆ ಮುಳುಗಿದಳು ಎಂಬುದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಎರಡು ವರ್ಷದ ಹಿಂದೆ ಪುಣೆಯ ಈಜುಕೊಳದಲ್ಲಿ ನೀನು ಹಾಗೆಯೇ ನಿಂತುಹೋದೆ ಎಂದು, ನಿನ್ನನ್ನು ಮೇಲೆತ್ತಿದ ಹುಡುಗ ಹೇಳಿದಾಗ ನಾನು ಕುಳಿತಲ್ಲೇ ಆ ಮೆಟ್ಟಿಲಿಗೆ ಹೋಗಿಬಿಟ್ಟೆ. ಆಮೇಲೆ ನಿನ್ನ ಇಸಿಜಿ, ನನ್ನ ಇಸಿಜಿ, ರಕ್ತದ ಪರೀಕ್ಷೆ ನಡೆದದ್ದು ನಿನಗೇ ಗೊತ್ತಿದೆ. ಅಕ್ಕನ ಎದೆಗೆ ಯಾರೂ ಯಂತ್ರ ಹಚ್ಚಿ ನೋಡಿರಲಿಲ್ಲ. ಆದರೂ ನನ್ನಲ್ಲೂ ನಿನ್ನಲ್ಲೂ ಲಾಂಗ್ ಕ್ಯುಟಿಯ, ಅಂದರೆ ಹೃದಯ ಪ್ರತಿ ಬಡಿತದ ನಂತರ ಮುಂದಿನದಕ್ಕೆ ಸಜ್ಜಾಗಲು ತಡಮಾಡುವ ವಂಶದ ಕಾಯಿಲೆಯ, ಒಂದನೆಯ ಬಗೆ ಸಿಕ್ಕ ಮೇಲೆ, ಅದರಲ್ಲಿ ಈಜುವಾಗಲೇ ಹೃದಯ ಲಯ ತಪ್ಪುವುದು ಹೆಚ್ಚು ಎಂದು ವೈದ್ಯರು ಹೇಳಿದ ಮೇಲೆ, ನನಗೆ ಸಂಶಯ ಉಳಿದಿಲ್ಲ.

ಈ ಕಾಯಿಲೆಯನ್ನು ಇಟಲಿಯಲ್ಲಿ ರೊಮಾನೊ 1963ರಲ್ಲೇ, ಡಬ್ಲಿನ್‌ನಲ್ಲಿ ವಾರ್ಡ್ 1964ರಲ್ಲೇ ಬರೆದಿಟ್ಟಿದ್ದರು. ಅಕ್ಕ ಬಾವಿಗೆ ಹಾರಿದ ದಿನ ಜಗತ್ತಿನಲ್ಲಿ ಪ್ರೊಪ್ರನೊಲಾಲ್ ಗುಳಿಗೆಯೂ ಇತ್ತು. ಅದನ್ನು ರೂಪಿಸಿದ ಜೇಮ್ಸ್ ಬ್ಲಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂದಾಗ, ಶಾಲೆಯ ಸುದ್ದಿಫಲಕದ ಮೇಲೆ ಅವರ ಹೆಸರನ್ನೂ ಗುಳಿಗೆಯ ಹೆಸರನ್ನೂ ಸೀಮೆಸುಣ್ಣದಲ್ಲಿ ನಾನೇ ಬರೆದಿದ್ದೆ. ಅದು ನಮ್ಮ ಮನೆಗೆ ಬೇಕಾಗಿದ್ದ ಗುಳಿಗೆ ಎಂದು ತಿಳಿಯದೆಯೇ ಬರೆದು, ಮರುದಿನ ಒರೆಸಿ ಬೇರೆ ಸುದ್ದಿ ಬರೆದೆ.

ನೀನು ನಾಲ್ಕು ದಿನ ಗುಳಿಗೆ ಬಿಟ್ಟೆ ಎಂದಾಗ ನನಗೆ ನಿನ್ನ ದನಿ ಕೇಳಿಸಲಿಲ್ಲ, ನಾನು ಎಣಿಸುತ್ತಿದ್ದ ದನಿ ಕೇಳಿಸಿತು. ಕೂಗಿದ್ದು ಅದಕ್ಕೆ. ಇದನ್ನು ಸಮರ್ಥನೆ ಎಂದು ತಿಳಿಯಬೇಡ, ಕಾರಣ ಹೇಳುತ್ತಿದ್ದೇನೆ ಅಷ್ಟೆ.

ಹಳೆಯ ಗುಳಿಗೆಯೇ ಚೆನ್ನಾಗಿತ್ತು, ಅದನ್ನೇ ಕೊಡಲಿ ಎಂದು ನೀನು ಅವ್ವನ ಬಳಿ ಹೇಳಿದ್ದೀಯಂತೆ. ಮೆಟೊಪ್ರೊಲಾಲ್ ನಿನ್ನ ಮೈಗೆ ಹೊಂದಿತ್ತು, ನಿಜ. ಆದರೆ ಅದನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾಗಲೇ ಬಸ್ಸು ಹಿಡಿಯಲು ಓಡಿದ ನಿನಗೆ ಕಣ್ಣು ಕತ್ತಲೆಗಟ್ಟಿತ್ತು ಎಂಬುದನ್ನು ಮರೆಯಬೇಡ. ಓಡುವಾಗ, ಹೆದರಿದಾಗ ರಕ್ತಕ್ಕೆ ಸೇರುವ ಅಡ್ರಿನಲಿನ್ ಬಂದು ಕೂರುವ ಬೀಟಾ ಜಾಗಗಳಲ್ಲಿ ಮುಖ್ಯವಾಗಿ ಹೃದಯದಲ್ಲಿರುವವನ್ನು ಮೆಟೊಪ್ರೊಲಾಲ್ ಮುಚ್ಚುತ್ತದೆ. ಪ್ರೊಪ್ರನೊಲಾಲ್ ಹೃದಯ, ರಕ್ತನಾಳ, ಶ್ವಾಸಕೋಶ ಎಂದು ನೋಡದೆ ಎರಡೂ ಬಗೆಯ ಜಾಗಗಳನ್ನು ಮುಚ್ಚುತ್ತದೆ. ಬೆರಳು ತಣ್ಣಗಾಗುವುದು ಅದರಿಂದಲೇ. ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಔಷಧಿಯಾದ್ದರಿಂದ ಅದು ಮಿದುಳಿಗೂ ಇಳಿಯುತ್ತದೆ. ನಿದ್ದೆ ಕೆಡುವುದು, ಕನಸು ಬೀಳುವುದು ಅಲ್ಲಿಂದ. ಇಷ್ಟಿದ್ದೂ ಅದನ್ನೇ ಕೊಡುವುದೇಕೆಂದರೆ, ಬೇರೆ ಕೆಲವು ಕಾಯಿಲೆಗಳಲ್ಲಿ ಒಂದು ಬೀಟಾ ಬ್ಲಾಕರ್, ಅಂದರೆ ಈ ಜಾಗ ಮುಚ್ಚುವ ಗುಳಿಗೆ, ಬದಲಿಗೆ ಇನ್ನೊಂದು ನಡೆದೀತು, ನಮ್ಮ ಕಾಯಿಲೆಯಲ್ಲಿ ಎಲ್ಲವೂ ಒಂದೇ ಅಲ್ಲ. ಪ್ರೊಪ್ರನೊಲಾಲ್ ಮತ್ತು ನ್ಯಾಡೊಲಾಲ್ ಕೊಡುವ ಕಾವಲನ್ನು ಮೆಟೊಪ್ರೊಲಾಲ್ ಕೊಡುವುದಿಲ್ಲ ಎಂಬುದನ್ನು ವೈದ್ಯರು ವರ್ಷಗಟ್ಟಲೆ ರೋಗಿಗಳನ್ನು ನೋಡಿ ಕಂಡುಕೊಂಡಿದ್ದಾರೆ. ಬದಲಾಯಿಸಿದ್ದು ನಿನ್ನನ್ನು ಕಾಡಲಿಕ್ಕಲ್ಲ.

ಇನ್ನು ಬಿಡುವ ವಿಚಾರ. ಬೀಟಾ ಜಾಗಗಳನ್ನು ಬಹುದಿನ ಮುಚ್ಚಿಟ್ಟರೆ ಹೃದಯದ ಜೀವಕೋಶಗಳು ಅಂಥ ಜಾಗಗಳನ್ನು ಇನ್ನಷ್ಟು ಹುಟ್ಟಿಸಿಕೊಳ್ಳುತ್ತವೆ. ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಹಳೆಯವೂ ಹೊಸವೂ ಒಟ್ಟಿಗೆ ತೆರೆದುಕೊಂಡು, ಮೊದಲು ತಡೆದುಕೊಳ್ಳುತ್ತಿದ್ದಷ್ಟೇ ಅಡ್ರಿನಲಿನ್ ಹೃದಯವನ್ನು ಇನ್ನಷ್ಟು ಜೋರಾಗಿ ಹೊಡೆಯುತ್ತದೆ. ಅಂದರೆ ಬಿಟ್ಟ ನಾಲ್ಕು ದಿನ ನೀನು ಗುಳಿಗೆಯನ್ನೇ ಕಾಣದವಳಿಗಿಂತ ಹೆಚ್ಚಿನ ಅಪಾಯದಲ್ಲಿದ್ದೆ. ಒಂದನೆಯ ಬಗೆಯವರನ್ನೇ ನೋಡಿ ಬರೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಗಿದೆ. ಗುಳಿಗೆ ಬರೆದುಕೊಟ್ಟ ಮೇಲೂ ಯಾರ ಹೃದಯ ನಿಂತಿತೋ ಅವರಲ್ಲಿ ಬಹುತೇಕರು ಗುಳಿಗೆ ತಪ್ಪಿಸಿದವರು, ಇಲ್ಲವೇ ಇಸಿಜಿಯಲ್ಲಿ ಕಾಣುವ ಆ ತಡವನ್ನು, ಅಂದರೆ ಕ್ಯುಟಿಯನ್ನು, ಹಿಗ್ಗಿಸುವ ಬೇರೆ ಔಷಧಿ ತೆಗೆದುಕೊಂಡವರು ಎಂದು ಅದರಲ್ಲಿದೆ. ಅದನ್ನು ಓದಿದ ರಾತ್ರಿ ನನಗೆ ಸಮಾಧಾನವೇ ಆಯಿತು. ತಪ್ಪದೆ ತೆಗೆದುಕೊಂಡರೆ ಈ ಗುಳಿಗೆ ನಿನ್ನನ್ನು ಕಾಯುತ್ತದೆ ಎಂದಲ್ಲವೇ ಅದರ ಅರ್ಥ?

ಪಾಠ ಹೇಳುವ ಚಟ ನಿವೃತ್ತಿಯಾದರೂ ಬಿಟ್ಟಿಲ್ಲ, ಆದರೆ ಒಂದು ಮಾತು ಬರೆಯದೆ ನಿಲ್ಲಿಸಲಾರೆ. ಹೊಟ್ಟೆ ಕೆಟ್ಟಾಗ ಔಷಧಿ ಅಂಗಡಿಯಲ್ಲಿ ಕೇಳಿ ತರುವ ಅಸಿಡಿಟಿ ಗುಳಿಗೆಗಳಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಸೇರಿಸಿದವು ಬಹಳ ಇವೆ. ಡೊಂಪೆರಿಡೋನ್ ಕ್ಯುಟಿ ಹಿಗ್ಗಿಸುತ್ತದೆ, ಅದು ನಮಗೆ ಬೇಡ. ವಾಂತಿಗೆ ಕೊಡುವ ಆಂಡನ್‌ಸೆಟ್ರಾನ್, ಗಂಟಲು ನೋವಿಗೆ ಬರೆಯುವ ಅಜಿಥ್ರೊಮೈಸಿನ್, ಚರ್ಮದ ತುರಿಕೆಗೆ ಕೊಡುವ ಫ್ಲುಕೊನಜೋಲ್, ಇವನ್ನೂ ನಿನ್ನ ಹೃದಯದ ವೈದ್ಯರನ್ನು ಕೇಳದೆ ಮುಟ್ಟಬೇಡ. ವಾಂತಿ ಭೇದಿಯಾದರೆ ಪೊಟ್ಯಾಸಿಯಂ ಇಳಿಯುತ್ತದೆ, ಅದೂ ನಮಗೆ ಆಗದು. ಓಆರ್‌ಎಸ್ ಕುಡಿದು, ಅದೇ ದಿನ ವೈದ್ಯರಿಗೆ ತಿಳಿಸು. ಒಂದು ಪಟ್ಟಿ ಗುಳಿಗೆ ಆಫೀಸಿನ ಚೀಲದಲ್ಲಿಯೂ ಇರಲಿ. ಈಜುಕೊಳದ ಮಾತನ್ನು ಮತ್ತೆ ಎತ್ತುವುದಿಲ್ಲ.

ಸಹಿಸಿಕೋ ಎಂದು ನಾನು ಹೇಳಿದ್ದು ತಪ್ಪು. ಸಹಿಸಿಕೊಂಡೇ ಅಲ್ಲವೇ ನೀನು ಕೊನೆಗೆ ಯಾರಿಗೂ ಹೇಳದೆ ಗುಳಿಗೆ ಬಿಟ್ಟದ್ದು! ದೂರು ಹೇಳಿದವಳನ್ನು ನಾನು ಸೋಮಾರಿ ಎಂದೆ. ಶಾಲೆಯಲ್ಲಿ ಓಟದ ಕಪ್ಪು ಗೆದ್ದ ಹುಡುಗಿ ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದಾಗ ಅವಳಿಗೇನಾಗಿದೆ ಎಂದು ಕೇಳದೆ ಬೈದೆ. ನನ್ನ ವೈದ್ಯರಿಗೂ ನಾನು ಕನಸಿನ ಮಾತು ಹೇಳಿದ್ದು ಎರಡು ತಿಂಗಳ ನಂತರ, ಅದೂ ನಿನ್ನ ಅವ್ವ ಪಕ್ಕದಲ್ಲಿ ಕುಳಿತು ಹೇಳಿಸಿದ್ದರಿಂದ. ಅವರು ಗದರಲಿಲ್ಲ. ಗುಳಿಗೆಯ ಹೊತ್ತು ಬದಲಿಸಿದರು, ದಿನಕ್ಕೊಮ್ಮೆ ನಿಧಾನವಾಗಿ ಬಿಡುಗಡೆಯಾಗುವ ಕ್ಯಾಪ್ಸೂಲಿಗೆ ಹಾಕಿದರು. ಕನಸು ಪೂರ್ತಿ ನಿಂತಿಲ್ಲ, ಆದರೆ ವಾರಕ್ಕೊಂದಕ್ಕೆ ಇಳಿದಿದೆ. ನನಗೆ ಒಗ್ಗಿದ್ದು ನಿನಗೂ ಒಗ್ಗಬೇಕೆಂದಿಲ್ಲ, ನನ್ನ ಪ್ರಮಾಣ ನಿನ್ನದಲ್ಲ. ನಿನ್ನ ವೈದ್ಯರಲ್ಲಿ ನ್ಯಾಡೊಲಾಲ್ ವಿಚಾರ ಕೇಳು. ಅದು ನೀರಿನಲ್ಲಿ ಕರಗುವಂಥದ್ದು, ಮಿದುಳಿಗೆ ಅಷ್ಟಾಗಿ ಹೋಗುವುದಿಲ್ಲ. ಗುಳಿಗೆ ಯಾವುದೂ ಒಗ್ಗದವರಿಗೆ ಎಡಗಡೆಯ ಎದೆಯಲ್ಲಿ ನರ ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಇದೆ, ಅಪಾಯ ಹೆಚ್ಚಿದ್ದರೆ ಹೃದಯದ ಲಯ ತಪ್ಪಿದಾಗ ಸರಿಪಡಿಸಲು ಎದೆಯೊಳಗೆ ಇಡುವ ಯಂತ್ರವೂ ಇದೆ. ಬದಲಿಸುವುದಾದರೆ ವೈದ್ಯರು ಹಳೆಯದನ್ನು ಇಳಿಸುತ್ತ ಹೊಸದನ್ನು ಏರಿಸುವ ಕ್ರಮ ಬರೆದುಕೊಡುತ್ತಾರೆ. ನಿನ್ನಷ್ಟಕ್ಕೆ ನೀನೇ ಬಿಡುವುದೊಂದನ್ನು ಬಿಟ್ಟು ಉಳಿದ ಎಲ್ಲ ದಾರಿಗಳೂ ನಿನಗಿವೆ.

ಇನ್ನೊಂದು. ಈ ದೋಷ ತಂದೆಯಿಂದಲೋ ತಾಯಿಯಿಂದಲೋ ಮಗುವಿಗೆ ಇಳಿಯುವ ಸಾಧ್ಯತೆ ಪ್ರತಿ ಸಲವೂ ಅರ್ಧಕ್ಕರ್ಧ. ನಿನಗೆ ಬಂದದ್ದು ನನ್ನಿಂದ. ಗಂಡುಹುಡುಗರಿಗೆ ಬಾಲ್ಯದಲ್ಲಿ ಅಪಾಯ ಹೆಚ್ಚು, ಹರೆಯ ದಾಟಿದರೆ ಕಡಿಮೆ. ಹೆಣ್ಣಿಗೆ ಹಾಗಲ್ಲ ಎಂದು ವೈದ್ಯರು ಹೇಳಿದರು. ಅದೇ ಬಾವಿಯಲ್ಲಿ ಅದೇ ಬೇಸಿಗೆಯಲ್ಲಿ ನಾನೂ ಈಜುತ್ತಿದ್ದೆ, ನನಗೆ ಏನೂ ಆಗಲಿಲ್ಲ. ಅಕ್ಕನಿಗಾಯಿತು, ಆಮೇಲೆ ನಿನಗಾಯಿತು. ಇದಕ್ಕೆ ಕ್ಷಮೆ ಕೇಳುವುದು ಹೇಗೆ ಎಂದು ನನಗೆ ತಿಳಿಯದು. ಮೂವತ್ತರವರೆಗೆ ಎಣಿಸಿದ್ದಕ್ಕೂ ಯಾರನ್ನು ಕೇಳಲಿ? ಹತ್ತಕ್ಕೇ ಕೂಗಿದ್ದರೆ ಪಕ್ಕದ ಹೊಲದಲ್ಲಿ ಹರಗುತ್ತಿದ್ದ ಕಾಕಾ ಓಡಿ ಬರುತ್ತಿದ್ದರು. ಭಾನುವಾರದ ಮಾತಿಗೆ ಮಾತ್ರ ಕೇಳಬಲ್ಲೆ. ತಪ್ಪಾಯಿತು ತಾಯಿ.

ಪ್ರಜ್ಞೆ ಬಂದ ಮರುದಿನವೇ ಎದ್ದು ಕುಳಿತು, ಊರಿನಲ್ಲಿರುವ ನಿನ್ನ ಕಾಕಾನ ಮಕ್ಕಳಿಗೆಲ್ಲ ಇಸಿಜಿ ಮಾಡಿಸಿರಿ ಎಂದು ಹಟ ಹಿಡಿದವಳು ನೀನು. ಮಕ್ಕಳು ಚೆನ್ನಾಗಿಯೇ ಇದ್ದಾರಲ್ಲ, ಬೇಡದ ಉಸಾಬರಿ ಎಂದು ನಾನು ತಡೆದಿದ್ದೆ. ಅವರಲ್ಲಿ ಚಿಕ್ಕವಳಿಗೂ ಇದೇ ಇದೆಯೆಂದು ಗೊತ್ತಾದದ್ದು ನಿನ್ನ ಹಟದಿಂದ. ಆಕೆಗೆ ಈಗ ಹನ್ನೊಂದು. ಬೆಳಿಗ್ಗೆ ರೊಟ್ಟಿ ತಿಂದು, ಗುಳಿಗೆ ನುಂಗಿ, ಶಾಲೆಗೆ ಹೋಗುತ್ತಾಳೆ. ಅವಳನ್ನು ನೋಡಿದಾಗಲೆಲ್ಲ ನಿನ್ನ ಬಗ್ಗೆ ಹೆಮ್ಮೆಯಾಗುತ್ತದೆ. ಇದನ್ನೂ ನಿನಗೆ ಹೇಳಿರಲಿಲ್ಲ.

ನಿನ್ನ ಮುಂದಿನ ತಪಾಸಣೆಗೆ ನಾನೂ ಬರುತ್ತೇನೆ. ಸೊಲ್ಲಾಪುರದ ಮೇಲೆ ಹೋಗುವ ರೈಲಿಗೆ ಟಿಕೆಟ್ ತೆಗೆಸಿದ್ದೇನೆ. ಅವ್ವ ಶೇಂಗಾ ಹಿಂಡಿ ಕುಟ್ಟಿ ಇಟ್ಟಿದ್ದಾಳೆ, ಕಡಕ್ ರೊಟ್ಟಿಯನ್ನು ಹೊರಡುವ ದಿನ ಕಟ್ಟುತ್ತಾಳಂತೆ. ಅಲ್ಲಿಯವರೆಗೆ ದಿನವೂ ಒಂದು ಪುಸ್ತಕದಲ್ಲಿ ಗುಳಿಗೆ ತೆಗೆದುಕೊಂಡ ಹೊತ್ತು, ನಾಡಿ, ದಣಿವು, ರಾತ್ರಿ ಎಷ್ಟು ಸಲ ಎಚ್ಚರವಾಯಿತು ಎಂಬುದನ್ನು ಬರೆದಿಡು. ನನ್ನ ಪುಸ್ತಕವನ್ನೂ ತರುತ್ತೇನೆ. ಕನಸುಗಳನ್ನು ನಾನು ಅದರಲ್ಲಿ ಬರೆದಿರಲಿಲ್ಲ, ಸೋಮವಾರದಿಂದ ಬರೆಯುತ್ತಿದ್ದೇನೆ. ಎರಡನ್ನೂ ವೈದ್ಯರ ಮುಂದೆ ಇಡೋಣ.

ರಾತ್ರಿಯ ಗುಳಿಗೆ ತೆಗೆದುಕೊಂಡ ಮೇಲೆ ಅವ್ವನಿಗೆ ಒಂದು ಸಂದೇಶ ಹಾಕು. ನನಗೆ ಹಾಕುವುದು ಬೇಡವೆಂದು ನಿನಗನ್ನಿಸಿದರೆ ಹಾಕಬೇಡ, ಅವಳಿಗೆ ಹಾಕಿದರೂ ನಾನು ಓದುತ್ತೇನೆ.

ಇಂತಿ ನಿನ್ನ,
ಅಪ್ಪ