ತರಗತಿಯೊಳಗಿನ ಗಾಳಿಯನ್ನೂ ಅಳೆಯಬೇಕು

ಮಾನ್ಯ ಸಂಪಾದಕರೇ,

ಮಕ್ಕಳನ್ನು ಶಾಲೆಗೆ ಸೇರಿಸುವ ಮುನ್ನ ಕುಡಿಯುವ ನೀರು ಹೇಗಿದೆ, ಶೌಚಾಲಯ ಸ್ವಚ್ಛವಾಗಿದೆಯೇ, ಆಟದ ಮೈದಾನ ಇದೆಯೇ ಎಂದೆಲ್ಲ ನಾವು ಪೋಷಕರು ವಿಚಾರಿಸುತ್ತೇವೆ. ತರಗತಿಯೊಳಗಿನ ಗಾಳಿಯ ಬಗ್ಗೆ ಕೇಳುವವರು ವಿರಳ. ಕಾನೂನಿನಲ್ಲಿಯೂ ಅದೇ ಕೊರತೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಶಾಲಾ ಕಟ್ಟಡಕ್ಕೆ ನೀರು, ಶೌಚಾಲಯ, ಅಡುಗೆಕೋಣೆ, ಮೈದಾನ, ಕಾಂಪೌಂಡು ಇವನ್ನೆಲ್ಲ ಕಡ್ಡಾಯ ಮಾಡಿದೆಯಾದರೂ ಕೊಠಡಿಯಲ್ಲಿ ಗಾಳಿಯಾಡಬೇಕು ಎಂಬ ಮಾತು ಅದರಲ್ಲಿಲ್ಲ.

ಏಳನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು, ಊಟದ ವಿರಾಮಕ್ಕೆ ಮುಂಚಿನ ಪೀರಿಯಡ್ಡಿನಲ್ಲಿ ತಲೆ ಭಾರವಾಗುತ್ತದೆ, ಕಣ್ಣು ಎಳೆಯುತ್ತದೆ ಎಂದು ಹೇಳುತ್ತಲೇ ಇದ್ದಳು. ರಾತ್ರಿ ತಡವಾಗಿ ಮಲಗುವುದರ ಫಲ ಎಂದು ನಾನು ಗದರಿಸುತ್ತಿದ್ದೆ. ಆಮೇಲೊಂದು ದಿನ ಪೋಷಕರ ಸಭೆಗೆ ಹೋದಾಗ ಅವಳ ಕೊಠಡಿಯನ್ನು ಕಣ್ಣಾರೆ ಕಂಡೆ. ರಸ್ತೆಯ ಧೂಳು ಒಳಬರುತ್ತದೆಂದು ಕಿಟಕಿಗಳ ಜಾರುಗಾಜನ್ನು ಪೂರ್ತಿ ಮುಚ್ಚಿ, ಸಂದಿಗೆ ಕಂದು ಬಣ್ಣದ ಪ್ಯಾಕಿಂಗ್ ಟೇಪ್ ಅಂಟಿಸಿದ್ದರು. ಸ್ಮಾರ್ಟ್ ಬೋರ್ಡಿನ ಮೇಲೆ ಬೆಳಕು ಬೀಳದಿರಲೆಂದು ಆ ಕಿಟಕಿಗಳಿಗೆ ದಪ್ಪ ಪರದೆ. ಎದುರು ಗೋಡೆಯಲ್ಲಿ ಕಿಟಕಿಯೇ ಇಲ್ಲ. ಇಂತಹ ಕೋಣೆಯಲ್ಲಿ ನಲವತ್ತೆರಡು ಮಕ್ಕಳು ದಿನಕ್ಕೆ ಆರು ಗಂಟೆ ಕೂರುತ್ತಾರೆ.

ತರಗತಿ ಶಿಕ್ಷಕಿಯ ಅನುಮತಿ ಪಡೆದು, ಅಂಗೈಯಷ್ಟು ದೊಡ್ಡದಾದ ಇಂಗಾಲದ ಡೈಆಕ್ಸೈಡ್ ಮಾಪಕವೊಂದನ್ನು ಅಲ್ಲಿನ ಬೀರುವಿನ ಮೇಲಿಟ್ಟೆವು. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷ ಭಾಗಕ್ಕೆ ಸುಮಾರು 420ರಷ್ಟು ಇರುತ್ತದೆ. ಬೆಳಿಗ್ಗೆ ಬಾಗಿಲು ಮುಚ್ಚಿ ಪಾಠ ಶುರುವಾದ ಮೇಲೆ ಅಂಕಿ ಏರುತ್ತಾ ಹೋಗಿ, ಮೂರನೇ ಪೀರಿಯಡ್ಡಿನ ಹೊತ್ತಿಗೆ 2,000 ದಾಟಿತ್ತು. ಇದರ ಅರ್ಥವನ್ನು ಸ್ವಲ್ಪ ವಿವರಿಸಬೇಕು. ನಾವು ಹೊರಬಿಡುವ ಉಸಿರಿನಲ್ಲಿ ಸುಮಾರು ಶೇ 4ರಷ್ಟು, ಅಂದರೆ ಹತ್ತು ಲಕ್ಷಕ್ಕೆ ನಲವತ್ತು ಸಾವಿರದಷ್ಟು, ಇಂಗಾಲದ ಡೈಆಕ್ಸೈಡ್ ಇರುತ್ತದೆ. ಹೊರಗಿನ ಗಾಳಿಯ 420ನ್ನು ಕಳೆದು ಲೆಕ್ಕ ಹಾಕಿದರೆ, ಮಾಪಕ 2,000 ತೋರಿಸುವ ಕೊಠಡಿಯಲ್ಲಿ ಮಗು ಎಳೆದುಕೊಳ್ಳುವ ಪ್ರತಿ 25 ಉಸಿರಿನಲ್ಲಿ ಒಂದರಷ್ಟು ಗಾಳಿ, ಅದೇ ಕೋಣೆಯಲ್ಲಿರುವವರು ಆಗಲೇ ಉಸಿರಾಡಿ ಬಿಟ್ಟದ್ದು. ಒಬ್ಬ ಮಗುವಿಗೆ ಶೀತ ಜ್ವರ ಬಂದರೆ ವಾರದೊಳಗೆ ಅರ್ಧ ತರಗತಿಯೇ ರಜೆ ಹಾಕುವುದು ಏಕೆಂದು ಆ ದಿನ ನನಗೆ ಹೊಳೆಯಿತು. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಈ ಅಂಕಿ 800ಕ್ಕಿಂತ ಕಡಿಮೆ ಇದ್ದರೆ ಗಾಳಿಯಾಟ ಚೆನ್ನಾಗಿದೆ ಎಂದರ್ಥ. ಸದಾ 1,500 ಮೀರಿದ್ದರೆ ಸರಿಪಡಿಸಲೇಬೇಕು.

ಈ ಅಂಕಿಗಳನ್ನು ಶಾಲೆಯ ಆಡಳಿತ ಮಂಡಳಿಗೆ ತೋರಿಸಲು ಹೋದಾಗ, ಬೇರೆ ಯಾವ ಪೋಷಕರೂ ದೂರು ಕೊಟ್ಟಿಲ್ಲ ಎಂಬ ಉತ್ತರ ಬಂತು. ಹಾಗಾಗಿ ನಾವು ಕೆಲವು ತಾಯಂದಿರು ಮನೆಮನೆಗೆ ಹೋಗಿ ಮಾತನಾಡಿ, ಅರುವತ್ತಕ್ಕೂ ಹೆಚ್ಚು ಸಹಿ ಸಂಗ್ರಹಿಸಿ ಮನವಿ ಸಲ್ಲಿಸಿದೆವು. ಹವಾನಿಯಂತ್ರಣ ಹಾಕಿಸಿಬಿಡಿ, ಅದಕ್ಕೆ ಬೇಕಾದರೆ ಹಣ ಕೊಡುತ್ತೇವೆ ಎಂದು ಕೆಲವು ಪೋಷಕರು ಸೂಚಿಸಿದರು. ಇಲ್ಲಿಯೇ ನಾವು ಎಚ್ಚರದಿಂದಿರಬೇಕು. ಗೋಡೆಗೆ ತೂಗುಹಾಕುವ ಸಾಮಾನ್ಯ ಎ.ಸಿ. ಕೋಣೆಯೊಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲ. ಏರ್ ಪ್ಯೂರಿಫೈಯರ್ ಧೂಳಿನ ಕಣಗಳನ್ನು ಹಿಡಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡನ್ನು ತಗ್ಗಿಸದು. ಹಳೆಯ ಹೆಂಚಿನ ಸರ್ಕಾರಿ ಶಾಲೆಗಳನ್ನು ಕಟ್ಟಿದವರು ಎದುರುಬದುರು ಕಿಟಕಿ, ಸೂರಿನ ಕೆಳಗೆ ಬೆಳಕಿಂಡಿ ಇಟ್ಟಿದ್ದು ಸುಮ್ಮನೆ ಅಲ್ಲ. ಮನೆಗಾಗಿಯೋ ಅಂಗಡಿಗಾಗಿಯೋ ಕಟ್ಟಿದ ಬಹುಮಹಡಿಗಳನ್ನು ಶಾಲೆ ಮಾಡಿಕೊಂಡಾಗ ನಾವು ಕಳೆದುಕೊಂಡದ್ದು ಅದನ್ನೇ.

ಕಿಟಕಿ ತೆರೆದರೆ ಧೂಳು ಎಂಬ ಶಿಕ್ಷಕರ ಆತಂಕವೂ ನಿಜ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು 2019ರಲ್ಲಿ ಆರಂಭಿಸಿದಾಗ, ಗಾಳಿಯ ಗುಣಮಟ್ಟ ಸುಧಾರಿಸಬೇಕಾದ ನಗರಗಳ ಪಟ್ಟಿಯಲ್ಲಿ ನಮ್ಮ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳೂ ಇದ್ದವು. ಸೂಕ್ಷ್ಮ ಕಣಗಳಾದ ಪಿಎಂ 2.5ಕ್ಕೆ ನಮ್ಮ ದೇಶ ವಿಧಿಸಿರುವ ವಾರ್ಷಿಕ ಮಿತಿ ಪ್ರತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಕೇವಲ 5. ಆದರೆ ಬೆಂಗಳೂರು ದೆಹಲಿಯಲ್ಲ. ಇಲ್ಲಿ ವರ್ಷದ ಬಹುಪಾಲು ದಿನ ಕಿಟಕಿ ತೆರೆಯಬಹುದು. ರಸ್ತೆಗೆ ಅಂಟಿಕೊಂಡ ಕೊಠಡಿಗಳಲ್ಲಿ ಹಿಂಬದಿಯ ಕಿಟಕಿ, ಎಕ್ಸಾಸ್ಟ್ ಫ್ಯಾನು, ಜೊತೆಗೊಂದು ಫಿಲ್ಟರು, ಹೀಗೆ ಆಯಾ ಕೊಠಡಿಗೆ ತಕ್ಕಂತೆ ಏರ್ಪಾಡು ಮಾಡಬೇಕು. ಶಾಲೆಯ ಪಕ್ಕದಲ್ಲೇ ಕಸಕ್ಕೆ ಬೆಂಕಿ ಹಚ್ಚುವುದನ್ನಂತೂ ಸ್ಥಳೀಯ ಸಂಸ್ಥೆಗಳು ತಡೆಯಲೇಬೇಕು.

ಯಾವ ಕೊಠಡಿಗೆ ಏನು ಬೇಕೆಂಬುದು ಅಳತೆ ಮಾಡದೆ ಗೊತ್ತಾಗುವುದಿಲ್ಲ. ಇಂಗ್ಲೆಂಡಿನ ಶಿಕ್ಷಣ ಇಲಾಖೆ 2021ರಲ್ಲಿ ಶಾಲೆಗಳಿಗೆ ಸುಮಾರು 3 ಲಕ್ಷ ಮಾಪಕಗಳನ್ನು ಕೊಡುವುದಾಗಿ ಘೋಷಿಸಿ ಹಂಚಿತು. ಅಮೆರಿಕದ ಬಾಸ್ಟನ್ ನಗರದ ಸರ್ಕಾರಿ ಶಾಲೆಗಳ ತರಗತಿಗಳಲ್ಲಿ ಅಳವಡಿಸಿದ ಸೆನ್ಸರುಗಳ ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಒಂದೊಂದು ಕೊಠಡಿಗೂ ಮಾಪಕ ಕೊಡಿ ಎಂದು ನಾವು ಕೇಳುತ್ತಿಲ್ಲ. ಶಾಲೆಗೊಂದು ಮಾಪಕವಿದ್ದು, ಅದನ್ನು ವಾರಕ್ಕೊಂದು ಕೊಠಡಿಯಲ್ಲಿಟ್ಟು, ಬಂದ ಅಂಕಿಯನ್ನು ಸೂಚನಾ ಫಲಕದಲ್ಲಿ ಬರೆದರೂ ಸಾಕು. ಸರ್ಕಾರಿ ಶಾಲೆಗಳಲ್ಲಿ ಈ ಹೊಣೆಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳೇ (ಎಸ್‌ಡಿಎಂಸಿ) ವಹಿಸಿಕೊಳ್ಳಬಹುದು. ಮಕ್ಕಳು ನೀರು ಕುಡಿಯುವುದನ್ನು ಮರೆಯಬಾರದೆಂದು 'ವಾಟರ್ ಬೆಲ್' ಬಾರಿಸುವ ಪದ್ಧತಿ ಕೇರಳದಿಂದ ನಮ್ಮ ರಾಜ್ಯಕ್ಕೂ ಬಂದಿದೆ. ಅದೇ ಗಂಟೆಗೆ ಎಲ್ಲ ಕೊಠಡಿಗಳ ಕಿಟಕಿ ಬಾಗಿಲುಗಳನ್ನು ಹತ್ತು ನಿಮಿಷ ತೆರೆದಿಡಬೇಕೆಂದು ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ.

ನಮ್ಮ ಮನವಿಯ ನಂತರ ಆಡಳಿತ ಮಂಡಳಿಯು ಒಂದು ಕೊಠಡಿಯಲ್ಲಿ ಒಂದು ವಾರದ ಪ್ರಯೋಗಕ್ಕೆ ಒಪ್ಪಿತು. ಟೇಪು ಕಿತ್ತು, ಕಿಟಕಿಗಳನ್ನು ಒಂದು ಗೇಣಿನಷ್ಟು ತೆರೆದು, ಎದುರಿನ ಬಾಗಿಲನ್ನೂ ತೆರೆದಿಟ್ಟಾಗ ಅದೇ ಮೂರನೇ ಪೀರಿಯಡ್ಡಿನಲ್ಲಿ ಮಾಪಕ 900ರ ಆಸುಪಾಸಿನಲ್ಲಿ ನಿಂತಿತು. ಇದಕ್ಕೆ ಶಾಲೆಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಉಳಿದ ಹದಿನೇಳು ಕೊಠಡಿಗಳ ಕುರಿತು ಉತ್ತರಕ್ಕಾಗಿ ಕಾಯುತ್ತಿದ್ದೇವೆ.

– ಒಬ್ಬ ಪೋಷಕಿ, ಬೆಂಗಳೂರು